ಪಾಲಮ್ಮನವರಿಗೆ ಮೀನು ತಿನ್ನಲು ಅಪ್ಪಣೆ ಕೊಡುವ ಬಗ್ಗೆ

ಇಂದ,
ವನಜಾಕ್ಷಿ, ಕ್ಷೇತ್ರ ಸಂಯೋಜಕಿ (ಸದ್ಯ ರಜೆಯ ಮೇಲೆ),
ಗೌರಸಮುದ್ರದ ಹತ್ತಿರದ ಹಟ್ಟಿ, ಚಳ್ಳಕೆರೆ ತಾಲ್ಲೂಕು.

ಗೆ,
ಮಾನ್ಯ ನಿರ್ದೇಶಕರು,
ಕಡಲಮೀನು ಉಳಿಸಿ ವೇದಿಕೆ, ಕರಾವಳಿ ಕಚೇರಿ.

ವಿಷಯ: ಅರ್ಜಿದಾರಳ ತಾಯಿ ಪಾಲಮ್ಮನವರು ಮೀನು ತಿನ್ನಬಹುದೆಂದು ಮೊಹರು ಒತ್ತಿ ಆದೇಶ ಹೊರಡಿಸುವ ಬಗ್ಗೆ.

ಉಲ್ಲೇಖ: ೧) ಚಳ್ಳಕೆರೆ ಡಾಕ್ಟರ ಸಲಹೆ. ೨) ಸದರಿ ಸಲಹೆಗೆ ಪಾಲಮ್ಮನವರ ಮೌಖಿಕ ತಿರಸ್ಕಾರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಮರಿ ಮೀನು ಹಿಡಿಯಬೇಡಿ, ಮೊಟ್ಟೆ ಇಡುವ ಕಾಲದಲ್ಲಿ ಬಲೆ ಬೀಸಬೇಡಿ, ಕೊಳ್ಳುವವರೂ ನೋಡಿ ಕೊಳ್ಳಿ ಎಂದು ಕಡಲ ದಂಡೆಯಲ್ಲಿ ಗಂಟಲು ಹರಿದುಕೊಳ್ಳುವುದರಲ್ಲೇ ಅರ್ಜಿದಾರಳ ಅರ್ಧ ಆಯುಷ್ಯ ಕಳೆದಿದೆ. ದಂಡೆಯವರು ತಲೆಯಾಡಿಸಿ ತಮ್ಮ ಪಾಡಿಗೆ ತಾವು ಬಲೆ ಬೀಸುತ್ತಾರೆ, ಇದು ತಮಗೂ ಗೊತ್ತು. ಅವಳ ಮಾತನ್ನು ಚಾಚೂ ತಪ್ಪದೆ, ಅಗತ್ಯಕ್ಕಿಂತ ಹೆಚ್ಚಾಗಿಯೇ ಪಾಲಿಸಿದವರು ಒಬ್ಬರೇ, ಅವಳ ತಾಯಿ. ಅವರು ಸಮುದ್ರವನ್ನೇ ನೋಡಿಲ್ಲ.

೨. ಸದರಿ ಪಾಲಮ್ಮನವರ ತಂದೆ ಜುಂಜಣ್ಣ ದೇವರ ಎತ್ತು ಕಾಯುವ ಕಿಲಾರಿ. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಕಾಯುವುದಷ್ಟೇ. ಮಗಳಿಗೆ ಮೀನು ಕಾಯುವ ಕೆಲಸ ಸಿಕ್ಕಿತೆಂದು ಕೇಳಿದ ದಿನವೇ ಪಾಲಮ್ಮ ಮನೆದೇವರ ಮುಂದೆ ಕೈಮುಗಿದು ಮೀನು ಬಿಟ್ಟರು. ಯಾರೂ ಹೇಳಿರಲಿಲ್ಲ. ಅವರ ಹಿಂದೆಯೇ ಹಟ್ಟಿಯವರೂ ಬಿಟ್ಟರು. ಮೊಪೆಡ್ಡಿನಲ್ಲಿ ಕೆರೆ ಮೀನು ಮಾರುವ ಚಿಕ್ಕೀರಪ್ಪ ಈಗಲೂ ಅರ್ಜಿದಾರಳನ್ನು ಕಂಡರೆ, "ಏನಕ್ಕಾ, ಎಲ್ಲೋ ಸಮುದ್ರ ಉಳಿಸಾಕೆ ಹೋಗಿ ಇಲ್ಲಿ ನನ್ ಯಾಪಾರ ಕೆಡಿಸಿದ್ಯಲ್ಲ" ಎನ್ನುತ್ತಾನೆ.

೩. ಹೀಗಿರಲಾಗಿ, ಹೋದ ತಿಂಗಳು ಪಾಲಮ್ಮನವರ ಎದೆಗೆ ಸ್ಟೆಂಟ್ ಹಾಕಲಾಯಿತು. ಡಾಕ್ಟರು ಕುರಿ ಬಾಡು ಬಂದ್ ಮಾಡಿ, ಕೋಳಿ, ಮೊಟ್ಟೆ, ಇಲ್ಲವೇ ಮೀನು ತಿನ್ನಿ ಎಂದರು. ಕುರಿ ತಿನ್ನುವವರಾದರೂ ಕೋಳಿ, ಮೊಟ್ಟೆ ಅವರ ಕುಲದಲ್ಲಿ ಹಿಂದಿನಿಂದಲೂ ಮುಟ್ಟುವಂತಿಲ್ಲ. ಬೇಳೆ ತಿಂದರೆ ಹೊಟ್ಟೆ ಉಬ್ಬರ. ಕಾರಣ ಮೀನೊಂದೇ ಉಳಿದಿದ್ದು, ಅದಕ್ಕೆ ಅರ್ಜಿದಾರಳ ನೌಕರಿ ಅಡ್ಡ ಬಂದಿದೆ.

೪. ಮೊನ್ನೆ ಅರ್ಜಿದಾರಳೇ ಕಾಟ್ಲಾ ಮೀನು ತಂದು ಸಾರು ಮಾಡಿ ತಾಯಿಯ ಮುಂದಿಟ್ಟಳು.

"ಅವ್ವ, ಇದು ಕೆರ್‍ಯಾಗೆ ಸಾಕಿದ್ದು. ನಾನು ಕಾಯೋದು ಸಮುದ್ರದ್ದು. ಅದನ್ನಾದ್ರೂ ತಿನ್ಲೇಬ್ಯಾಡಿ ಅಂತ ನಾನ್ಯಾವತ್ತೂ ಹೇಳಿಲ್ಲ."

"ಕೆರೇದಾದ್ರೇನು, ಕುಲ ಒಂದೇ ತಾನೆ? ಕಾಯೋರ ಮನೆಯಾಗೆ ಕಾದಿದ್ದಕ್ಕೆ ಕೈ ಹಾಕ್ಬಾರ್ದು."

"ನಿನಗೇನಾದ್ರೂ ಆದ್ರೆ?"

"ನಿನ್ ಕೆಲ್ಸಕ್ಕೆ ಕುಂದು ಬರ್ದಿದ್ರೆ ಸಾಕು ಬಿಡು."

ತಟ್ಟೆ ಸರಿಸಿ, ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡು ಉಂಡರು. ಈಗ ಒಳಗಿಂದ ಹೊರಗೆ ಬರುವಷ್ಟರಲ್ಲಿ ಬಾಗಿಲು ಹಿಡಿದು ನಿಲ್ಲುತ್ತಾರೆ. ಅರ್ಜಿದಾರಳಿಗೆ ಭಯವಾಗಿದೆ. ಸಿಟ್ಟೂ ಬಂದಿದೆ, ಅದು ತಮ್ಮ ಕಚೇರಿಯ ವ್ಯಾಪ್ತಿಗೆ ಬಾರದ್ದರಿಂದ ಇಲ್ಲಿ ಬರೆದಿಲ್ಲ.

೫. ಈ ವ್ರತದಿಂದ ಬಿಡುಗಡೆಗೆ ಪಾಲಮ್ಮನವರೇ ದಾರಿ ತೋರಿಸಿದ್ದಾರೆ: "ನಿಮ್ ಸಾಹೇಬ್ರು ಮೊಹರು ಒತ್ತಿ ಬರ್ದು ಕೊಡ್ಲಿ, ತಿಂತೀನಿ. ಇಲ್ಲ ನೀನು ಆ ಕೆಲ್ಸದಾಗೆ ಇರಬಾರ್ದು. ಹಂಗಂತ ನನಗೋಸ್ಕರ ಕೆಲ್ಸ ಬಿಟ್ಟೆ ಅಂತ ಏನಾದ್ರೂ ತಿಳೀತು, ಮುದ್ದೇನೂ ಮುಟ್ಟಲ್ಲ ನೋಡು."

ಆದ್ದರಿಂದ, ಪಾಲಮ್ಮನವರು ಮೀನು ತಿಂದರೆ ಮಗಳ ಕರ್ತವ್ಯಕ್ಕೆ ಯಾವ ಲೋಪವೂ ಇಲ್ಲವೆಂದು ದಪ್ಪ ಅಕ್ಷರದ ಕನ್ನಡದಲ್ಲಿ ಆದೇಶ ದಯಪಾಲಿಸಬೇಕು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲವಾದರೆ, ಲಗತ್ತಿಸಿದ ರಾಜೀನಾಮೆಯನ್ನು ಅಂಗೀಕರಿಸಬೇಕು.

ತಮ್ಮ ಉತ್ತರ ಬರುವವರೆಗಂತೂ ತಮ್ಮ ವಿಶ್ವಾಸಿ,
ವನಜಾಕ್ಷಿ

ಲಗತ್ತು: ೧) ಡಾಕ್ಟರ ಚೀಟಿ. ೨) ರಾಜೀನಾಮೆ ಪತ್ರ, ಸಹಿ ಮಾಡಿದ್ದು.

ವಿ.ಸೂ.: ರಾಜೀನಾಮೆ ಅಂಗೀಕಾರವಾದಲ್ಲಿ ಪಾಲಮ್ಮನವರು ಕಚೇರಿಗೆ ಫೋನ್ ಮಾಡಿ ಕಾರಣ ಕೇಳುವುದು ಖಂಡಿತ. ಆಗ ತಾವೇ ಫೋನೆತ್ತಿ, "ನಿಮ್ಮ ಮಗಳಿಗೆ ಮೀನು ಕಾಯೋದಕ್ಕೆ ಬರೋದಿಲ್ಲ, ಅದಕ್ಕೇ ತೆಗೆದುಹಾಕಿದೆವು" ಎಂದು ಹೇಳಬೇಕಾಗಿ ವಿನಂತಿ.