ನಡುಗುವ ಡಬ್ಬಿಯೂ ನಮ್ಮ ಮಾಣಿಯ ಹೊಗೆಯೂ

ಒಂದು ವಸ್ತುವನ್ನು ಯಾವ ಕೆಲಸಕ್ಕೆಂದು ಮನೆಗೆ ತರುತ್ತೇವೋ, ಆ ಕೆಲಸವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ಮಾಡುತ್ತದೆ. ಇಂಗ್ಲಿಷರ ನಾಡಿನ ಕೆಂಟನ್ನಿನ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೀಗೆಯೇ. ವ್ಯಾಯಾಮದ ಸೈಕಲ್ಲಿನ ಮೇಲೆ ನನ್ನ ಪಂಚೆ ಒಣಗುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಬಂದ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಗಳು ಕೂತಿವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ ಎಂದು ನಾನು ತಿಳಿದಿದ್ದೆ. ಆದರೆ ನೀರನ್ನು ನಡುಗಿಸಿ ಕೊಳೆ ತೆಗೆಯುವ ಡಬ್ಬಿಯೊಂದು ಬಂದ ಮೇಲೆ ನಡೆದ ಸಂಗತಿಗಳನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಹೇಳುವಾಗ ನಾನೂ ನಗುತ್ತೇನೆ.

೧. ಕೊಳೆಯನ್ನು ಕೇಳಿ ತೊಳೆಯಬೇಕು

ನನಗೆ ಆ ಡಬ್ಬಿ ಹೊಸದಲ್ಲ. ವೆಂಬ್ಲಿಯ ಒಂದು ಚಿನ್ನಬೆಳ್ಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ. ರಿಪೇರಿಗೆ ಬಂದ ಒಡವೆ ತೊಳೆಯುವುದು, ಹೊಳಪು ಕೊಡುವುದು. ಅಲ್ಟ್ರಾಸಾನಿಕ್ ಕ್ಲೀನರ್ ಎಂದು ಅದರ ಹೆಸರು. ಸ್ಟೀಲಿನ ತೊಟ್ಟಿಗೆ ನೀರು, ಒಂದು ತೊಟ್ಟು ಸೋಪು ಹಾಕಿ ಗುಂಡಿ ಒತ್ತಿದರೆ ಕಿವಿಗೆ ಎಟುಕದ ಸದ್ದೊಂದು ನೀರನ್ನು ನಡುಗಿಸುತ್ತದೆ. ಕಣ್ಣಿಗೆ ಕಾಣದ ಗುಳ್ಳೆಗಳು ಎದ್ದು ಸಂದುಗೊಂದಿನ ಕೊಳೆಯನ್ನು ಕಿತ್ತು ತರುತ್ತವೆ. ನಮಗೆ ಕೇಳುವುದು ಸೊಳ್ಳೆ ಗುಂಪಿನ ಗುಂಯ್ ಎನ್ನುವ ಸದ್ದು ಮಾತ್ರ.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಏಳು ಕಲ್ಲಿನ ಓಲೆ ತಂದರು. ಮದುವೆಯಾದಂದಿನಿಂದ ಕಿವಿಯಿಂದ ಇಳಿಸಿರಲಿಲ್ಲವಂತೆ. ಎರಡು ನಿಮಿಷ ಡಬ್ಬಿಯಲ್ಲಿಟ್ಟು ತೆಗೆದೆ. ಓಲೆ ಫಳಫಳ ಹೊಳೆಯಿತು, ಆದರೆ ಎರಡು ಕಲ್ಲು ತೊಟ್ಟಿಯ ತಳದಲ್ಲಿದ್ದವು. ನೋಡಿದರೆ ಹಿಡಿತದ ಚಿನ್ನ ಎಂದೋ ಸವೆದು ಹೋಗಿತ್ತು. ಇಷ್ಟು ವರ್ಷ ಆ ಕಲ್ಲುಗಳನ್ನು ಹಿಡಿದುಕೊಂಡಿದ್ದದ್ದು ಎಣ್ಣೆ, ಅರಿಸಿನ, ಸೋಪಿನ ಜಿಡ್ಡು.

"ಗಟ್ಟಿಯಾಗಿದ್ದ ಓಲೆ. ನೀವು ತೊಳೆದು ಹಾಳು ಮಾಡಿದ್ರಿ," ಎಂದರು ಆ ತಾಯಿ.

ಕಲ್ಲು ಮತ್ತೆ ಕೂರಿಸಿಕೊಟ್ಟು ಕಳುಹಿಸಿದೆವು. ಅವರು ಹೋದ ಮೇಲೆ ನಮ್ಮ ಗುಜರಾತಿ ಮಾಲೀಕರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಇನ್ನು ಮುಂದೆ ತೊಳೆಯುವ ಮೊದಲು, ಎಷ್ಟು ವರ್ಷದಿಂದ ಕೆಲಸದಲ್ಲಿದ್ದೀಯ ಅಂತ ಕೊಳೆಯನ್ನು ಒಂದು ಮಾತು ಕೇಳಿ."

೨. ಆವಿ

ನನ್ನ ಹೆಂಡತಿಯ ತಮ್ಮ ನಮ್ಮ ಜೊತೆಗೇ ಇದ್ದಾನೆ. ನಲವತ್ತೆಂಟು ವರ್ಷದ ಆಳು. ಕುಂದಾಪುರದ ಕಡೆಯ ನಮ್ಮ ಮಾತಿನಲ್ಲಿ ಅಕ್ಕನಿಗೆ ಇಂದಿಗೂ 'ಮಾಣಿ', ಎಂದರೆ ಹುಡುಗ. ಕಿಂಗ್ಸ್‌ಬರಿಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಾನೆ. ಇಪ್ಪತ್ತೈದು ವರ್ಷ ಸಿಗರೇಟು ಸೇದಿದವ. ಎರಡು ಸಲ ಬಿಟ್ಟಿದ್ದ, ಎರಡು ಸಲವೂ ಮತ್ತೆ ಹಿಡಿದಿದ್ದ. ಕೆಮ್ಮು ಜೋರಾಗಿ ಜಿಪಿ ಎನ್ನುವ ಇಲ್ಲಿಯ ಡಾಕ್ಟರ ಹತ್ತಿರ ಹೋದಾಗ ಅಲ್ಲಿಯ ನರ್ಸ್ ಉಸಿರು ಅಳೆಯುವ ಒಂದು ಕೊಳವೆ ಊದಿಸಿ, ಬಂದ ಅಂಕಿ ನೋಡಿ, "ನಿಮ್ಮ ವಯಸ್ಸೆಷ್ಟು ಅಂದಿರಿ?" ಎಂದು ಎರಡನೇ ಸಲ ಕೇಳಿದರಂತೆ. ಈ ಸಲ ಬಿಡದಿದ್ದರೆ ಒಲೆಯ ಮುಂದೆ ನಿಲ್ಲುವುದನ್ನೇ ಬಿಡಬೇಕಾದೀತು ಎಂದರಂತೆ. ಅವನಿಗೆ ಬರುವುದು ಅದೊಂದೇ ಕೆಲಸ. ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಕೂತು, "ಭಾವ, ಇದು ಮೂರನೇ ಸಲ. ಈ ಸಲ ಸೋತರೆ ಮತ್ತೆ ಬಿಡ್ತೆ ಅಂತ ಹೇಳೂಕೆ ನಂಗೇ ನಾಚಿಕೆ," ಎಂದ. ಅಂದಿನಿಂದ ನನ್ನ ಬೆಳಗಿನ ಪೂಜೆಯಲ್ಲಿ ಅವನ ಹೆಸರಿನದೊಂದು ನಮಸ್ಕಾರ ಹೆಚ್ಚಾಯಿತು.

ಅದು ಪೇಟೆಯಲ್ಲಿ ಎಲ್ಲಿ ನೋಡಿದರೂ ವೇಪ್ ಅಂಗಡಿ ತೆರೆಯುತ್ತಿದ್ದ ಕಾಲ. ನರ್ಸಿನ ಸಲಹೆಯಂತೆ ಇವನೂ, ಸಿಗರೇಟಿನ ಬದಲಿಗೆ ಸೇದುವ ಆ ವೇಪ್ ಯಂತ್ರವೊಂದನ್ನು ಕೊಂಡ. ಕೆಳಗೆ ಬ್ಯಾಟರಿ, ಅದರ ಮೇಲೆ ಗಾಜಿನ ಪುಟ್ಟ ಟ್ಯಾಂಕು, ಒಳಗೆ ಮಾವಿನ ಹಣ್ಣಿನ ಪರಿಮಳದ ರಸ. ರಸದ ನಡುವೆ ಹತ್ತಿ ತುರುಕಿದ ತಂತಿಯ ಸುರುಳಿ, ಕಾಯಿಲ್ ಎನ್ನುತ್ತಾರೆ. ಎಲ್ಲಕ್ಕೂ ಮೇಲೆ ಬಾಯಿಗಿಡುವ ಸ್ಟೀಲಿನ ಮೂತಿ, ಪುಟ್ಟ ಗಂಟೆಯ ಆಕಾರದ್ದು.

"ಎಂತದಾ ಮಾಣಿ ಅದು, ಮತ್ತೆ ಹೊಗೆಯಾ?" ಎಂದಳು ಅಕ್ಕ.

"ಹೊಗೆ ಅಲ್ಲ ಅಕ್ಕ, ಆವಿ."

"ಆವಿ ಆದರೆ ಇಡ್ಲಿ ಪಾತ್ರೆ ಹತ್ರ ನಿಂತ್ಕೊ. ಮನೆಯಲ್ಲೇ ಸಿಗ್ತದೆ."

ಅವಳು ಆಮೇಲೆ ಆ ವಸ್ತುವಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ತೊಂದರೆ ಬೇರೆಯೇ ಇತ್ತು. ನಾಲ್ಕು ದಿನಕ್ಕೆ ರಸದ ಸಿಹಿಯೆಲ್ಲ ಒಳಗೆ ಕಪ್ಪಾಗಿ ಕಟ್ಟಿ, ತಳ ಹಿಡಿದ ಪಾಯಸದ ರುಚಿ ಬರುತ್ತಿತ್ತು. ಅಡುಗೆಯವನ ನಾಲಿಗೆ, ಸಹಿಸುತ್ತಿರಲಿಲ್ಲ. ಹಾಗಾದ ದಿನ ಅವ ಸುಮ್ಮನೆ ಕೋಟು ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಬರುವಾಗ ಬಾಯಲ್ಲಿ ಪುದೀನದ, ಕೋಟಿನಲ್ಲಿ ಸಿಗರೇಟಿನ ವಾಸನೆ.

"ಭಾವ, ನಿಮ್ಮ ಅಂಗಡಿ ಡಬ್ಬಿಯಲ್ಲಿ ಇದನ್ನೊಂದು ಮುಳುಗಿಸಿ ತನ್ನಿ," ಎಂದು ಕೇಳಿದ.

"ಅದರಲ್ಲಿ ಜನರ ತಾಳಿ ತೊಳೀತೇನೆ ಮಾರಾಯ."

"ಹಂಗಾರೆ ನಾನೇ ಒಂದು ತರಿಸ್ತೆ."

ತರಿಸಿದ. ಊಟದ ಡಬ್ಬಿಯಷ್ಟು ದೊಡ್ಡದು. ಜೊತೆಗೆ ಸಣ್ಣ ಜಾಲರಿ ಬುಟ್ಟಿ, ಬ್ರಷ್ಷು, ಅಳತೆಯ ಲೋಟ. ಹೆಂಡತಿ ಎಲ್ಲವನ್ನೂ ನೋಡಿ ಹೇಳಿದಳು: "ಆವಿ ಬಿಡೂಕೆ ಇಷ್ಟು ಪಾತ್ರೆ ಬೇಕಾ? ನಾನು ನಾಲ್ಕು ಜನರಿಗೆ ಅಡುಗೆ ಮಾಡ್ತೆ, ನಂಗೆ ಇಷ್ಟಿಲ್ಲೆ."

೩. ಬತ್ತಿಯ ಪರೀಕ್ಷೆ

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ನಾನು ಪರೀಕ್ಷೆ ಮಾಡಬೇಕೆಂದೆ. ಸಾಮಾನಿಗೆ ಸಲ್ಲದ ಹೊಗಳಿಕೆ ನನಗೆ ಆಗದು. ಮೂತಿ ಒಂದೇ ಆದರೂ ಅವನ ಹತ್ತಿರ ಎರಡು ಟ್ಯಾಂಕು ಇದ್ದವು, ಎರಡೂ ಒಂದೇ ಸಮ ಕೊಳಕು. ಒಂದನ್ನು ಬಿಚ್ಚಿ ಡಬ್ಬಿಗೆ ಹಾಕಿದೆವು. ಇನ್ನೊಂದನ್ನು ಬಿಚ್ಚಿ ಸ್ಟೀಲ್ ಲೋಟದ ಬಿಸಿನೀರಿಗೆ, ಪಾತ್ರೆ ತೊಳೆಯುವ ಸೋಪಿನ ಜೊತೆ ಹಾಕಿದೆವು. ಈ ಉತ್ಸಾಹದಲ್ಲಿ ಅವ ಬ್ಯಾಟರಿಯನ್ನೂ ಮುಳುಗಿಸಲು ಹೊರಟ. ನಾನು ಕೈ ಹಿಡಿದೆ.

"ಕೊಳಕಾಗಿದೆ ಭಾವ."

"ಟಿವಿ ಮೇಲೂ ಧೂಳಿದೆ. ಬಾತ್‌ಟಬ್ಬಿಗೆ ಹಾಕ್ತೀಯಾ?"

ಅರ್ಧ ಗಂಟೆಯ ಮೇಲೆ ಎರಡನ್ನೂ ತೊಳೆದು, ಒರೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಮಗಳನ್ನು ಕರೆದೆವು. ಅವಳು ಕನ್ನಡ ಎಲ್ಲ ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯಾವುದು ಡಬ್ಬಿಯದು, ಯಾವುದು ಲೋಟದ್ದು ಎಂದು ಕೇಳಿದೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಸೇಮ್, ಅಪ್ಪ," ಎಂದು ಮೇಲೆ ಹೋದಳು.

ನಾನು ಇನ್ನೂ ಹತ್ತಿರದಿಂದ ನೋಡಿದೆ. ಗಾಜು ಎರಡೂ ಒಂದೇ. ಸ್ಟೀಲಿನ ತಿರುಪಿನ ಸಂದಿನಲ್ಲಿ ಮಾತ್ರ ಡಬ್ಬಿಯ ಕೆಲಸ ಒಂದು ಕೂದಲೆಳೆ ಹೆಚ್ಚು ಚೊಕ್ಕ. ಆದರೆ ಕಾಯಿಲ್ ಎರಡರಲ್ಲೂ ಕೆಟ್ಟೇ ಇತ್ತು. ಹತ್ತಿ ಸುಟ್ಟಿತ್ತು, ಈಗ ಒದ್ದೆಯೂ ಆಗಿತ್ತು. ಒಣಗಿಸಿ, ರಸ ತುಂಬಿ, ಒಂದು ಸಲ ಎಳೆದು ನೋಡಿದ ಮಾಣಿಯ ಮುಖ ಸಣ್ಣದಾಯಿತು.

"ಎಂತ ರುಚಿ?"

"ತಳ ಹಿಡಿದ ಪಾಯಸಕ್ಕೆ ಸೋಪು ಹಾಕಿದ ಹಾಗೆ."

ಆಗ ನಾನು ಅವನನ್ನು ದೇವರ ಮುಂದಿನ ದೀಪದ ಹತ್ತಿರ ಕರೆದುಕೊಂಡು ಹೋದೆ. "ಕಾಣು, ದೀಪ ದಿನಾ ತೊಳೀತೇವೆ. ಸುಟ್ಟ ಬತ್ತಿಯನ್ನು ಯಾರಾದರೂ ತೊಳೀತಾರಾ? ಹೊಸತು ಹಾಕ್ತೇವೆ. ನಿನ್ನ ಕಾಯಿಲೂ ಬತ್ತಿಯೇ. ಅದನ್ನು ಎಸೆದು ಹೊಸತು ಹಾಕು, ಉಳಿದದ್ದಕ್ಕೆ ಬಿಸಿನೀರು ಸಾಕು."

ಒಳಗಿನಿಂದ ಹೆಂಡತಿಯ ದನಿ ಬಂತು: "ಹ್ವಾಯ್, ಸೇದುವುದನ್ನು ದೇವರ ಕೋಣೆಯಲ್ಲಿ ಕಲಿಸುವ ಗುರುಗಳನ್ನು ನಾನು ಎಲ್ಲೂ ಕಂಡಿಲ್ಲೆ."

೪. ನದಿಯ ಮಾತು

ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಉಳಿಯಿತು. ಚೌತಿಗೆ ಎರಡು ವಾರವಿತ್ತು. ಒಂದು ಮಧ್ಯಾಹ್ನ ಹೆಂಡತಿ ಬೆಳ್ಳಿಯ ದೀಪಗಳನ್ನು ಅದರಲ್ಲಿ ಹಾಕಿ ನೋಡಿದಳು. ಕೆತ್ತನೆಯ ಸಂದಿನಲ್ಲಿ ಹುಣಿಸೆಹಣ್ಣಿಗೂ ಬಗ್ಗದೆ ಕೂತಿದ್ದ ಎಣ್ಣೆಜಿಡ್ಡು, ಕುಂಕುಮ, ಎಲ್ಲ ಬಿಟ್ಟು ಬಂತು. ಸಂಜೆ ನಾನು ಬರುವಾಗ ಅವಳ ಮುಖವೂ ದೀಪಗಳ ಹಾಗೆಯೇ ಇತ್ತು. ತಮ್ಮನಿಗೆ ತೋರಿಸಿದಳು.

"ಚೆಂದ ಆಯ್ತು ಅಕ್ಕ," ಎಂದ ಅವ. "ಬೆಳಿಗ್ಗೆ ನಾನೂ ಟ್ಯಾಂಕು ಹಾಕಿದ್ದೆ."

ಅವಳು ಕುರ್ಚಿಯಲ್ಲಿ ಕೂತಳು. ಎಂಜಲು ಬಿದ್ದ ತೊಟ್ಟಿಯಲ್ಲಿ ದೇವರ ದೀಪ. ನನಗೂ ಮನಸ್ಸು ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಮರುದಿನ ಊರಿನ ಪುರೋಹಿತರಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಅವರು ನಿಧಾನವಾಗಿ ಕೇಳಿದರು.

"ನಡುವೆ ನೀರು ಬದಲಾಯಿಸಿದ್ರಾ?"

"ಹೌದು."

"ತೊಟ್ಟಿ ತೊಳೆದ್ರಾ?"

"ತೊಳೆದಿದ್ದಾಳೆ."

"ಮತ್ತೆಂತ? ನಾವು ಅರ್ಘ್ಯ ಬಿಡುವ ನದಿಯಲ್ಲಿ ಮೇಲಿನ ಊರಿನವರು ಯಾರೂ ಬಾಯಿ ಮುಕ್ಕಳಿಸಿಲ್ಲ ಅಂತ ತಿಳ್ಕೊಂಡಿದ್ದೀರಾ?"

ನನಗೆ ಸಮಾಧಾನವಾಯಿತು, ಹೆಂಡತಿಗೆ ಅರ್ಧ. ಅವಳು ಡಬ್ಬಿಯನ್ನು ಮೂರು ಸಲ ತೊಳೆದು, ತುಳಸಿ ನೀರು ಚಿಮುಕಿಸಿ, ಮುಚ್ಚಳಕ್ಕೆ ಕುಂಕುಮ ಇಟ್ಟಳು. "ಇವತ್ತಿಂದ ಇದು ಪೂಜೆ ಪಾತ್ರೆ. ಮಾಣಿ, ನಿಂದು ಲೋಟದಲ್ಲಿ ತೊಳ್ಕೊ."

ಸುದ್ದಿ ಹರಡಿತು. ಕಿಂಗ್ಸ್‌ಬರಿಯಿಂದ, ವೆಂಬ್ಲಿಯಿಂದ ಹೆಂಗಸರು ಚೀಲದಲ್ಲಿ ದೀಪ, ಪಂಚಪಾತ್ರೆ ತಂದರು. ಡಬ್ಬಿ ಇಡೀ ದಿನ ಗುಂಯ್‌ಗುಟ್ಟಿತು. ಅದನ್ನು ಕೊಂಡವನು ಸಿಂಕಿನ ಮೂಲೆಯಲ್ಲಿ ಲೋಟ ಹಿಡಿದು ನಿಲ್ಲುತ್ತಿದ್ದ. ನಾನೂ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಬಿಚ್ಚುವುದು, ನೆನೆಸುವುದು, ತಿಕ್ಕುವುದು, ಒಂದೊಂದೇ ತುಂಡನ್ನು ಬಟ್ಟೆಯ ಮೇಲಿಡುವುದು. ಒಣಗುವವರೆಗೆ ಸೇದುವಂತಿಲ್ಲ. ಒಂದು ಸಂಜೆ ಅವನೇ ಹೇಳಿದ: "ಒಂದು ವಿಚಿತ್ರ ಕಂಡ್ರಾ ಭಾವ? ತೊಳೆದು ಮುಗಿಸುವ ಹೊತ್ತಿಗೆ ಅರ್ಧ ಆಸೆ ಹೋಗಿರ್ತದೆ." ದಿನಕ್ಕೊಂದು ಸಲ ತೊಳೆಯುತ್ತಿದ್ದವ ಎರಡು ಸಲ ತೊಳೆಯತೊಡಗಿದ.

"ಪಾಪ, ಇಷ್ಟು ಶುದ್ಧದ ಗಂಡಸು," ಎಂದರು ದೀಪ ತಂದ ಹೆಂಗಸೊಬ್ಬರು ನನ್ನ ಹೆಂಡತಿಗೆ. "ಪೂಜೆ ಸಾಮಾನಾ ಅದು?"

೫. ಜೋಡಿ

ಚೌತಿಗೆ ಎರಡು ದಿನವಿರುವಾಗ ವೇಪಿನ ಮೂತಿ ಕಳೆದುಹೋಯಿತು. ಒಣಗಲು ಇಟ್ಟ ಬಟ್ಟೆಯ ಮೇಲೆ ಉಳಿದ ತುಂಡುಗಳಿದ್ದವು, ಅದೊಂದಿಲ್ಲ. ಸಿಂಕಿನ ಕೆಳಗೆ, ಕಸದ ಚೀಲದಲ್ಲಿ, ಎಲ್ಲ ಹೆಂಡತಿಗೆ ಹೇಳದೆ ನಾವಿಬ್ಬರೇ ಹುಡುಕಿದೆವು. ಅಂಗಡಿಯವ ಬೇರೆ ತರಿಸಲು ಒಂದು ವಾರ ಬೇಕೆಂದ. ಹಬ್ಬದ ಹಿಂದಿನ ದಿನ ಮಾಣಿ ಕೋಟಿನ ಕಿಸೆಯಿಂದ ಹೊಸ ಸಿಗರೇಟು ಪ್ಯಾಕು ತೆಗೆದು ನನಗೆ ತೋರಿಸಿದ. ಒಡೆದಿರಲಿಲ್ಲ.

"ನಾಳೆ ಪೂಜೆ ಮುಗಿಯುವವರೆಗೆ ತಡೀತೆ ಭಾವ. ಆಮೇಲೆ ನನ್ನ ಕೈಯಲ್ಲಿ ಆಗುದಿಲ್ಲೆ."

ನಾನು ಹೇಳುವುದನ್ನೆಲ್ಲ ಹಿಂದಿನ ಎರಡು ಸಲ ಹೇಳಿಯಾಗಿತ್ತು.

ಮರುದಿನ ಬೆಳಿಗ್ಗೆ ಮನೆ ತುಂಬ ಜನ. ಹೊಗೆಯ ಅಲಾರಂ ಕೂಗದಂತೆ ಅದಕ್ಕೆ ಸ್ನಾನದ ಟೋಪಿ ತೊಡಿಸಿದ್ದೆವು. ಪೂಜೆ ಮಾಡಿಸಲು ಬಂದವರು ಬೆಂಗಳೂರಿನವರು, ವಾರದ ಐದು ದಿನ ಆಫೀಸು, ಎರಡು ದಿನ ಮಂತ್ರ. ಮಂಗಳಾರತಿಗೆ ಮಾಣಿ ಗಂಟೆ ಬಾರಿಸುತ್ತಿದ್ದ. ನಡುವೆ ಗಂಟೆ ನಿಂತಿತು. ನಾನು ತಿರುಗಿ ನೋಡಿದೆ. ಅವನ ಕಣ್ಣು ಗಣಪತಿಯ ಬಲಗಡೆ ನೆಟ್ಟಿತ್ತು. ಅಲ್ಲಿ ಬೆಳ್ಳಿಯ ದೀಪಗಳ ನಡುವೆ, ಬೋರಲು ಗಂಟೆಯ ಹಾಗೆ, ಫಳಫಳ ಹೊಳೆಯುತ್ತ ಆ ಮೂತಿ ನಿಂತಿತ್ತು. ತೂತಿಗೆ ಬಾಳೆಹಣ್ಣು ತುರುಕಿ ಊದುಕಡ್ಡಿ ಸಿಕ್ಕಿಸಲಾಗಿತ್ತು. ಹೊಗೆ ನಿಧಾನವಾಗಿ ಗಣಪತಿಯ ಸೊಂಡಿಲಿನ ಕಡೆಗೆ ಹೋಗುತ್ತಿತ್ತು.

"ಅಗರಬತ್ತಿ ಸ್ಟ್ಯಾಂಡ್ ತುಂಬಾ ಚೆನ್ನಾಗಿದೆ ಅಮ್ಮ," ಎಂದರು ಪೂಜೆಯವರು. "ಎಲ್ಲಿ ತಗೊಂಡ್ರಿ?"

"ಗೊತ್ತಿಲ್ಲೆ. ಅಡುಗೆಮನೆ ಕಟ್ಟೆ ಮೇಲೆ ಸಿಕ್ಕಿತು. ದೀಪ ತೊಳೆಯೂಕೆ ಬಂದವರು ಯಾರೋ ಬಿಟ್ಟು ಹೋದದ್ದು," ಎಂದಳು ಹೆಂಡತಿ. "ಕೇಳಿದರೆ ಕೊಡುವ ಅಂತ."

ಕೇಳಬೇಕಾದವನು ಗಂಟೆ ಹಿಡಿದು ನಿಂತಿದ್ದ. ತೊಳೆದದ್ದೇ, ಎರಡೆರಡು ಸಲ ತೊಳೆದದ್ದೇ, ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿದೆ. ನದಿಯ ಮಾತನ್ನೂ ನೆನಪಿಸಿದೆ. ಎಲ್ಲರೂ ಊಟಕ್ಕೆ ಕೂತ ಮೇಲೆ ಮಾಣಿಯ ಹತ್ತಿರ ಹೋಗಿ ಪಿಸುಗುಟ್ಟಿದೆ: "ತೆಗೆದುಕೊಡಲಾ?"

ಅವ ಗಣಪತಿಯ ಕಡೆ ಕೈ ತೋರಿಸಿದ.

"ಬೇಡ ಭಾವ. ಬಿಡಿಸು, ಬಿಡಿಸು ಅಂತ ಇಷ್ಟು ವರ್ಷ ಬೇಡಿದೆ. ಅವ ಬಿಡಿಸ್ಲಿಲ್ಲೆ, ಕಸ್ಕೊಂಡು ತಾನೇ ಶುರು ಮಾಡಿದ. ಇನ್ನು ಒಂದು ಮನೆಯಲ್ಲಿ ಇಬ್ಬರು ಸೇದುದು ಚೆಂದ ಅಲ್ಲ."

ಕೋಟಿನಿಂದ ಆ ಪ್ಯಾಕು ತೆಗೆದು ನನ್ನ ಕೈಯಲ್ಲಿಟ್ಟ. ಅದನ್ನು ನಾನೇ ನೀರಿನಲ್ಲಿ ನೆನೆಸಿ ಕಸಕ್ಕೆ ಹಾಕಿದೆ. ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ಆಸೆಯಾದಾಗ ಅವ ಸಿಂಕಿಗೆ ಹೋಗಿ ಏನಾದರೂ ತೊಳೆಯುತ್ತಿದ್ದ. ನಮ್ಮ ಮನೆಯ ಲೋಟಗಳು ಅಷ್ಟು ಹೊಳೆದದ್ದು ಅದೇ ವರ್ಷ. ಮುಂದಿನ ಚೌತಿಯ ಹೊತ್ತಿಗೆ ನರ್ಸಿನ ಕೊಳವೆ ಮತ್ತೆ ಊದಿದ. ಈ ಸಲ ಅವರು ವಯಸ್ಸು ಒಂದೇ ಸಲ ಕೇಳಿದರಂತೆ.

ಡಬ್ಬಿಯಿಂದ ಪ್ರಯೋಜನವುಂಟೇ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ವೇಪ್ ತೊಳೆಯಲಾದರೆ ಬಿಸಿನೀರು, ಸೋಪು, ಒಂದು ಲೋಟ ಸಾಕು ಎನ್ನುತ್ತೇನೆ. ವೇಪ್ ಬಿಡಲಾದರೆ ಡಬ್ಬಿ ಬೇಕಾಗಬಹುದು.

ಆ ಮುಂದಿನ ವರ್ಷದ ಚೌತಿಗೆ ಮೊದಲು ಹೆಂಡತಿ ತಮ್ಮನನ್ನು ಕರೆದಳು. ಅವಳಿಗೆ ಇಂದಿಗೂ ಏನೂ ತಿಳಿಯದು. "ಮಾಣಿ, ಪೇಟೆಯಲ್ಲಿ ಈ ಊದುಕಡ್ಡಿ ಗಂಟೆಯದ್ದು ಇನ್ನೊಂದು ಸಿಗ್ತದಾ ಕಾಣು. ದೇವರಿಗೆ ಒಂದೇ ಇಡುದು ಸರಿಯಲ್ಲ, ಎರಡೂ ಬದಿಗೆ ಬೇಕು."

ಬೇರೆ ದಾರಿಯಿಲ್ಲದೆ ಅವ ಹಳೆಯ ವೇಪ್ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ಅಂಗಡಿಯ ಇಂಗ್ಲಿಷ್ ಯುವಕನಿಗೆ ಎರಡೂ ತೋಳಿನಲ್ಲಿ ಹಚ್ಚೆ, ಮಾತು ಮೃದು. ಇವನನ್ನು ಗುರುತು ಹಿಡಿದು ಬೇಸರದಿಂದಲೇ ಕೇಳಿದ: "ಮತ್ತೆ ಶುರು ಮಾಡಿದಿರಾ?"

"ನನಗಲ್ಲ," ಎಂದ ಮಾಣಿ. "ಮನೆಯ ದೇವರಿಗೆ."

ಯುವಕ ಮೂತಿಯನ್ನು ಕಾಗದದ ಚೀಲಕ್ಕೆ ಹಾಕಿ, ಎರಡೂ ಕೈಯಲ್ಲಿ ಕೊಡುತ್ತ, ಬಹಳ ಮರ್ಯಾದೆಯಿಂದ ಕೇಳಿದ:

"ಅವರೂ ಸಿಗರೇಟು ಬಿಡುವ ಪ್ರಯತ್ನದಲ್ಲಿದ್ದಾರಾ?"