ನಾಲ್ಕನೇ ಕೌಂಟರಿನಲ್ಲಿ ‘ಹೋಗ್ಬನ್ನಿ’ ಸಿಗುತ್ತದೆ

ಚಿಂತಾಮಣಿಯ ಮಹಾತೃಪ್ತಿ ಸೂಪರ್‌ಮಾರ್ಕೆಟ್ಟಿಗೆ ಒಳಹೋಗಲು ಒಂದು ಬಾಗಿಲು, ಹೊರಬರಲು ಇನ್ನೊಂದು ಬಾಗಿಲು ಇವೆ. ಮೊದಲನೆಯದರಲ್ಲಿ ಹೋದವರೆಲ್ಲ ಎರಡನೆಯದರಲ್ಲಿ ಬರುವುದು ಆ ಸಂಸ್ಥೆಯ ಪದ್ಧತಿ. ಕಳೆದ ಶ್ರಾವಣದ ಎರಡನೇ ಗುರುವಾರದವರೆಗೆ ಈ ಪದ್ಧತಿಗೆ ಯಾವ ಚ್ಯುತಿಯೂ ಬಂದಿರಲಿಲ್ಲ.

ಅಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಶ್ರೀ ಪುಟ್ಟಸ್ವಾಮಯ್ಯನವರು ಒಂದು ಡಬ್ಬಿ ಇಂಗು ಕೊಳ್ಳಲು ಒಳಗೆ ಹೋದರು. ವಯಸ್ಸು ಅರವತ್ತೆಂಟು. ನಿವೃತ್ತ ಶಿರಸ್ತೇದಾರರು; ಯಾವ ಕಛೇರಿ ಎಂಬುದು ಇಲ್ಲಿ ಅಪ್ರಸ್ತುತ. ಮನೆಯಲ್ಲಿ ಅವರ ಧರ್ಮಪತ್ನಿ ಸುಂದರಮ್ಮನವರು ಸಾರು ಕುದಿಯಲಿಟ್ಟು, ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ, “ಹೀಗ್ ಹೋಗಿ ಹಾಗ್ ಬನ್ನಿ” ಎಂದು ಕಳಿಸಿದ್ದರು. ಹೀಗೆ ಹೋಗುವ ಭಾಗ ಸುಸೂತ್ರವಾಗಿಯೇ ನಡೆಯಿತು.

ಬಾಗಿಲಲ್ಲಿ ಕಾವಲುಗಾರರು ಅವರ ಬಟ್ಟೆಯ ಕೈಚೀಲದ ಬಾಯಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಛತ್ರಿಯನ್ನು ಕಸಿದುಕೊಂಡು ಟೋಕನ್ ಕೊಟ್ಟರು. ಇದಕ್ಕೆ ಸ್ವಾಗತ ಎಂದು ಹೆಸರು. ಇಂಗು ಎಲ್ಲಿದೆಯೆಂದು ಕೇಳಿದಾಗ ಮೊದಲನೆಯ ನೌಕರರು ಫೋನಿನಿಂದ ಕಣ್ಣೆತ್ತದೆ “ಆ ಕಡೆ” ಎಂದರು. ಆ ಕಡೆ ಇದ್ದವರು “ಈ ಕಡೆ” ಎಂದರು. ಮೂರನೆಯವರು ತಾವು ಬಿಸ್ಕತ್ತಿನವರೆಂದೂ, ಇಂಗಿನವರು ರಜದ ಮೇಲಿದ್ದಾರೆಂದೂ ತಿಳಿಸಿದರು. ಮುಕ್ಕಾಲು ಗಂಟೆಯ ಪ್ರದಕ್ಷಿಣೆಯ ನಂತರ ಇಂಗು ಸೊಳ್ಳೆಬತ್ತಿಗೂ ಬೂಟ್ ಪಾಲಿಶಿಗೂ ನಡುವೆ ಪತ್ತೆಯಾಯಿತು. ಅಷ್ಟರಲ್ಲಿ ಪುಟ್ಟಸ್ವಾಮಯ್ಯನವರಿಗೆ ಆ ಅಂಗಡಿಯ ಯಾವ ವಸ್ತು ಎಲ್ಲಿದೆಯೆಂಬ ಸಂಪೂರ್ಣ ಜ್ಞಾನ ಪ್ರಾಪ್ತವಾಗಿತ್ತು. ಅಂಥ ಜ್ಞಾನ ಆ ಕಟ್ಟಡದಲ್ಲಿ ಅದಕ್ಕೆ ಮುಂಚೆ ಯಾರಿಗೂ ಇರಲಿಲ್ಲ.

ಬಿಲ್ಲಿನ ಕೌಂಟರಿನಲ್ಲಿ ತನುಜ ಎಂಬ ಯುವತಿ ನಿಂತಿದ್ದಳು. ಅಲ್ಲಿ ಕುರ್ಚಿ ಕೊಡುವ ಪದ್ಧತಿಯಿಲ್ಲ.

“ಮೊಬೈಲ್ ನಂಬರ್?” ಎಂದಳು. ಹೇಳಿದರು.

“ಕವರ್ ಬೇಕಾ?” ಬೇಡವೆಂದರು.

“ಎರಡು ಶಾಂಪೂಗೆ ಒಂದು ಬಾಚಣಿಗೆ ಫ್ರೀ. ಬೇಕಾ?” ಪುಟ್ಟಸ್ವಾಮಯ್ಯನವರು ತಮ್ಮ ಬೋಳು ತಲೆಯನ್ನು ಒಮ್ಮೆ ಸವರಿಕೊಂಡು, ಬೇಡವೆಂದರು. ದುಡ್ಡು ಕೊಟ್ಟು ಬಿಲ್ಲನ್ನು ಜೇಬಿಗಿಟ್ಟರು. ಇಂಗಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡು, “ಬರ್ತೀನಮ್ಮ” ಎಂದರು.

“ನೆಕ್ಸ್ಟ್” ಎಂದಳು ತನುಜ.

ಪುಟ್ಟಸ್ವಾಮಯ್ಯನವರು ನಿಂತರು. ಎರಡನೇ ಸಲ, ಸ್ವಲ್ಪ ಗಟ್ಟಿಯಾಗಿ, “ಬರ್ತೀನಿ ತಾಯಿ” ಎಂದರು.

“ನೆಕ್ಸ್ಟ್.”

ಬರ್ತೀನಿ ಅಂದವರಿಗೆ ಹೋಗ್ಬನ್ನಿ ಅನ್ನಬೇಕು. ಅಂದ ಮೇಲೆ ತಾನೇ ಕಾಲು ಹೊಸಿಲು ದಾಟುವುದು? ಪುಟ್ಟಸ್ವಾಮಯ್ಯನವರ ಕಾಲು ದಾಟಲಿಲ್ಲ. ಅವರು ಕೌಂಟರಿನ ಪಕ್ಕಕ್ಕೆ ಸರಿದು, ಡಬ್ಬಿ ಹಿಡಿದುಕೊಂಡು ಕಾದರು.

ತನುಜಳ ಮೇಲೆ ತಪ್ಪು ಹೊರಿಸುವಂತಿಲ್ಲ. ಸಂಸ್ಥೆಯ ‘ಸಂಭಾಷಣಾ ಸಂಹಿತೆ’ಯ ಪ್ರಕಾರ ಬಿಲ್ಲು ಹಾಕುವವರು ಗ್ರಾಹಕರೊಂದಿಗೆ ನಾಲ್ಕು ಮಾತುಗಳನ್ನು ಮಾತ್ರ ಆಡತಕ್ಕದ್ದು, ಅವು ಮೇಲೆ ಆಗಲೇ ಬಂದುಹೋದವು. ಐದನೆಯ ಮಾತು ಆಡಿದವರನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಆಕೆಗಿಂತ ಮುಂಚೆ ಅಲ್ಲಿ ನಿಂತಿದ್ದ ಹರಿಣಿ ಎಂಬುವವರು ಬಸುರಿ ಹೆಂಗಸೊಬ್ಬರಿಗೆ “ಮೆಟ್ಲಿದೆ, ಹುಷಾರಕ್ಕ” ಎಂದುಬಿಟ್ಟಿದ್ದರು. ಹರಿಣಿಯವರು ಈಗ ಪೆರೇಸಂದ್ರದ ಗೋದಾಮಿನಲ್ಲಿ ಈರುಳ್ಳಿಯೊಂದಿಗೆ ಎಷ್ಟು ಬೇಕಾದರೂ ಮಾತಾಡಬಹುದು.

ಸಾಲಿನಲ್ಲಿ ಹಿಂದೆ ನಿಂತಿದ್ದ ನಲ್ಲಪ್ಪ ಎಂಬ ರೈತರು, ಕೈಯಲ್ಲಿ ಹೊಸ ಪೊರಕೆ ಹಿಡಿದುಕೊಂಡು, ಸಹಾಯಕ್ಕೆ ಬಂದರು.

“ಸಾಮಿ, ನಾನ್ ಹೇಳ್ತೀನಿ ಬಿಡಿ. ಹೋಗ್ಬನ್ನಿ. ಸಾಲ್ದಾ? ಪೊಯ್ಯಿ ರಾಂಡಿ. ತೆಲುಗಲ್ಲೂ ಅಂದೆ.”

“ನೀವು ಈ ಮನೆಯೋರಾ?”

“ಅಲ್ಲ.”

“ಮತ್ತೆ? ಮದುವೆಗೆ ಬಂದ ನೆಂಟರು ಇನ್ನೊಬ್ಬ ನೆಂಟರನ್ನ ಕಳಿಸಿಕೊಡೋ ಹಾಗಿಲ್ಲ. ನಮ್ಮ ದೊಡ್ಡಪ್ಪ ಹೀಗೇ ಗೌರಿಬಿದನೂರಲ್ಲಿ ಬೀಗರ ಮನೆಯಿಂದ ಹೋಗ್ಬನ್ನಿ ಅನ್ನಿಸ್ಕೊಳ್ಳದೆ ಹೊರಟರು. ಇನ್ನೂ ಬಂದಿಲ್ಲ.”

“ಯಾವಾಗ ಹೊರಟಿದ್ದು?”

“ಎಪ್ಪತ್ತೊಂದರಲ್ಲಿ.”

ನಲ್ಲಪ್ಪನವರು ಅವರ ಮುಖವನ್ನೇ ನೋಡಿದರು. “ಸಾಮಿ, ನೀವು ಆಪೀಸ್‌ನಲ್ಲಿದ್ರಲ್ವಾ? ನಮ್ಮಪ್ಪನ ಜಮೀನು ನನ್ನ ಹೆಸರಿಗೆ ಖಾತೆ ಮಾಡ್ಸಕ್ಕೆ ಇಪ್ಪತ್ತೊಂದು ಕಿತ ಬಂದಿದ್ದೆ ನಿಮ್ಮತ್ರ. ಇಪ್ಪತ್ತೊಂದು ಕಿತಾನೂ ‘ಹೋಗಿ, ನಾಳೆ ಬನ್ನಿ’ ಅಂದ್ರಿ.”

“ನೋಡಿದಿರಾ!” ಎಂದರು ಪುಟ್ಟಸ್ವಾಮಯ್ಯನವರು, ಕಣ್ಣಲ್ಲಿ ನೀರು ತುಂಬಿಕೊಂಡು. “ಎಂಥ ಕೆಲಸದ ಒತ್ತಡದಲ್ಲೂ ನಾನು ಒಬ್ಬರನ್ನೂ ಬಾಯಿಮಾತಿಲ್ಲದೆ ಕಳಿಸಿದವನಲ್ಲ.”

ವ್ಯವಸ್ಥಾಪಕರಾದ ಮೋಹನ್‌ಬಾಬು ಬಂದರು. ಅವರ ಅಂಗಿಯ ಮೇಲೆ ‘ನಾನು ನಿಮಗೆ ಹೇಗೆ ಸಹಾಯ ಮಾಡಲಿ?’ ಎಂದು ಹೊಲಿದಿತ್ತು.

“ಏನ್ ಸಾರ್ ಪ್ರಾಬ್ಲಮ್ಮು?”

“ಏನಿಲ್ಲಪ್ಪ. ಬರ್ತೀನಿ ಅಂದೆ. ಹೋಗ್ಬನ್ನಿ ಅಂದ್ರೆ ಹೊರಟೆ.”

ಮೋಹನ್‌ಬಾಬು ಬಾಯಿ ತೆರೆದರು, ಕ್ಯಾಮೆರಾ ನೋಡಿದರು, ಮುಚ್ಚಿದರು. ಹುಳ ಬಿದ್ದ ರವೆಯನ್ನು ಮೂರು ದಿನದೊಳಗೆ ಬದಲಾಯಿಸಿ ಕೊಡುವ ಅಧಿಕಾರ ಅವರಿಗಿತ್ತು. ಹೊಸ ಮಾತೊಂದನ್ನು ಆಡುವ ಅಧಿಕಾರ ಬೆಂಗಳೂರಿನ ಕೇಂದ್ರ ಕಛೇರಿಯ ಗ್ರಾಹಕಾನಂದ ವಿಭಾಗಕ್ಕೆ ಮಾತ್ರ ಇತ್ತು. ಅಲ್ಲಿನ ಮುಖ್ಯಸ್ಥೆ ಯಾಮಿನಿಯವರಿಗೆ ಫೋನ್ ಮಾಡಲಾಯಿತು. ಇಪ್ಪತ್ತು ನಿಮಿಷ ಕೊಳಲು ನುಡಿದ ಮೇಲೆ ಅವರು ಸಿಕ್ಕರು.

“ಸೋ ಸಾರಿ ಸಾರ್, ನಿಮ್ಮ ಫೀಲಿಂಗ್ಸ್ ನಮಗೆ ತುಂಬಾ ಇಂಪಾರ್ಟೆಂಟ್. ಕಂಪ್ಲೇಂಟ್ ಯಾವ ಕ್ಯಾಟಗರೀಲಿ ಹಾಕ್ಲಿ? ಹುಳ ಇತ್ತಾ, ಡೇಟ್ ಮುಗಿದಿತ್ತಾ, ಪ್ಯಾಕೆಟ್ ಒಡೆದಿತ್ತಾ?”

“ಅದೇನೂ ಇಲ್ಲಮ್ಮ. ಹೋಗ್ಬನ್ನಿ ಅನ್ನಲಿಲ್ಲ.”

“ಓ, ಐಟಂ ಮಿಸ್ಸಿಂಗ್!” ಎಂದು ಬರೆದುಕೊಂಡರು.

ನಲವತ್ತೈದು ಕೆಲಸದ ದಿನಗಳಲ್ಲಿ ಉತ್ತರ ಬರುವುದಾಗಿ ತಿಳಿಸಲಾಯಿತು. ಕಾನೂನು ವಿಭಾಗ ಆಗಲೇ ಒಂದು ಆಕ್ಷೇಪ ಎತ್ತಿತ್ತು: ಗ್ರಾಹಕರಿಗೆ ‘ಹೋಗಿ’ ಅಂದರೆ ಅವಮಾನ, ‘ಬನ್ನಿ’ ಅಂದರೆ ವಾಗ್ದಾನ, ಒಬ್ಬರೇ ಗ್ರಾಹಕರನ್ನು ಒಂದೇ ಉಸಿರಿನಲ್ಲಿ ಅವಮಾನಿಸಿ ವಾಗ್ದಾನ ಮಾಡುವುದರ ಪರಿಣಾಮಗಳನ್ನು ಅಧ್ಯಯನ ಮಾಡತಕ್ಕದ್ದು. ಪುಟ್ಟಸ್ವಾಮಯ್ಯನವರು ಇದನ್ನು ಕೇಳಿ ಸಿಟ್ಟಾಗಲಿಲ್ಲ. ಕಡತವೊಂದು ಸರಿಯಾದ ದಾರಿಯಲ್ಲಿ ಹೊರಟಿದ್ದನ್ನು ಬಹಳ ದಿನಗಳ ಮೇಲೆ ನೋಡಿದ ಸಂತೋಷ ಅವರ ಮುಖದಲ್ಲಿತ್ತು. ಅಕ್ಕಿ ಮೂಟೆಗಳ ಮೇಲೆ ಅವರಿಗೆ ಹಾಸಿಗೆ ಮಾಡಿಕೊಡಲಾಯಿತು. ವಾರದ ದಾಸ್ತಾನು ಎಣಿಕೆಯಲ್ಲಿ ಒಂದು ಹೆಚ್ಚಿಗೆ ಬಂದದ್ದರಿಂದ ಅವರ ಅಂಗಿಗೆ ಒಂದು ಚೀಟಿ ಅಂಟಿಸಿ ‘ಇತರೆ’ ಎಂದು ಸೇರಿಸಿಕೊಂಡರು.

ಸುಂದರಮ್ಮನವರು ಮಾರನೆಯ ದಿನ ಊಟದ ಕ್ಯಾರಿಯರ್ ಹಿಡಿದು ಬಂದರು. ಕಾವಲುಗಾರರು ಅದಕ್ಕೂ ಪ್ಲಾಸ್ಟಿಕ್ ಪಟ್ಟಿ ಬಿಗಿದರು.

“ಏನ್ರೀ ಇದು?”

“ಅವರು ಹೇಳ್ಲಿ, ಬರ್ತೀನಿ ಕಣೇ.”

“ನೀವು ಯಾವಾಗಾದ್ರೂ ಬನ್ನಿ, ಮೊದಲು ಇಂಗು ಕೊಡಿ.”

ಆದರೆ ಬಿಲ್ಲು, ಸಾಮಾನು, ಕೊಂಡವರು ಮೂರೂ ಒಟ್ಟಿಗೆ ಹೊರಹೋಗತಕ್ಕದ್ದೆಂದು ಕಾವಲುಗಾರರು ನಿಯಮ ತೋರಿಸಿದರು. ಬೇರೆ ಇಂಗು ಕೊಳ್ಳಬಹುದಿತ್ತು. ಆದರೆ ಕೊಂಡ ಇಂಗು ಇರುವಾಗ ಇನ್ನೊಂದು ಇಂಗು ಕೊಳ್ಳುವ ವಂಶ ಅವರದಲ್ಲ. “ಇಂಗು ತೆಂಗು ಇದ್ರೆ ಮಂಗಾನೂ ಅಡಿಗೆ ಮಾಡತ್ತೆ ಅಂತಾರೆ,” ಎಂದರು ಸುಂದರಮ್ಮನವರು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. “ತೆಂಗು ಮನೇಲಿದೆ. ಇಂಗು ಇಲ್ಲಿದೆ. ಮಂಗ ಎಲ್ಲಿದೆ ಅಂತ ನಾನು ಹೇಳಲ್ಲ.” ಅಂದಿನಿಂದ ಆ ಮನೆಯ ಸಾರಿಗೆ ಒಗ್ಗರಣೆ ನಿಂತುಹೋಯಿತು.

ಇತ್ತ ಅಂಗಡಿಯಲ್ಲಿ ಬೇರೊಂದು ಬೆಳವಣಿಗೆ ನಡೆಯುತ್ತಿತ್ತು. ರಾಗಿ ಹಿಟ್ಟು ಎಲ್ಲಿ ಎಂದು ಅಲೆಯುತ್ತಿದ್ದ ಮುದುಕಿಯೊಬ್ಬರಿಗೆ ಪುಟ್ಟಸ್ವಾಮಯ್ಯನವರು “ಎರಡನೇ ಸಾಲು, ಕೆಳಗಡೆ ಅಮ್ಮ. ಬಗ್ಗಬೇಡಿ, ನಾನು ತೆಕ್ಕೊಡ್ತೀನಿ” ಎಂದರು. ಮುದುಕಿ ಗಾಬರಿಯಾಗಿ ಇದಕ್ಕೆಷ್ಟು ಎಂದು ಕೇಳಿದರು. ಹೊರಡುವವರಿಗೆಲ್ಲ ಅವರು ಕೈಮುಗಿದು “ಹೋಗ್ಬನ್ನಿ” ಎನ್ನತೊಡಗಿದರು. ಅಕ್ಕಿ ಮೂಟೆಯ ಮೇಲೆ ಮಲಗಿದ ಮೇಲೆ ತಾವೂ ಈ ಮನೆಯವರೇ ಎಂಬುದು ಅವರ ವಾದ. ಸುದ್ದಿ ಹಬ್ಬಿ, ಮೇಲೂರಿನಿಂದೆಲ್ಲ ಜನ ಬಸ್ಸು ಹತ್ತಿ ಒಂದು ಹೋಗ್ಬನ್ನಿಗಾಗಿ ಉಪ್ಪು ಕೊಳ್ಳಲು ಬಂದರು. ಇದನ್ನು ನೋಡಿದ ಯಾರಿಗಾದರೂ ಹೊಟ್ಟೆ ತಣ್ಣಗಾಗುತ್ತಿತ್ತು, ಉಪ್ಪು ಕೊಳ್ಳಲು ಹೋಗಿದ್ದ ನನಗೂ ಆಯಿತು.

ಹತ್ತನೆಯ ದಿನ ತನುಜ ಕ್ಯಾಮೆರಾಕ್ಕೆ ಬೆನ್ನು ಮಾಡಿ, ತುಟಿ ಅಲುಗಿಸದೆ, “ಸಾರ್, ನೀವೇ ಈಗ ಮನೆಯೋರಲ್ವಾ? ನಿಮಗೆ ನೀವೇ ಹೋಗ್ಬನ್ನಿ ಅಂದ್ಕೊಂಡು ಹೋಗ್ಬಿಡಿ ಸಾರ್. ಅಮ್ಮಾವ್ರು ದಿನಾ ಸಪ್ಪೆ ಸಾರು ತರೋದು ನಂಗೆ ನೋಡಕ್ಕಾಗಲ್ಲ” ಎಂದಳು.

“ತನ್ನ ಅರ್ಜಿಗೆ ತಾನೇ ಸಹಿ ಹಾಕೋ ಹಾಗಿಲ್ಲಮ್ಮ. ನೀನು ಕದ್ದು ಅಂದದ್ದೂ ಲೆಕ್ಕಕ್ಕೆ ಬರಲ್ಲ” ಎಂದರು ಅವರು.

ಕೇಂದ್ರ ಕಛೇರಿ ಎಚ್ಚೆತ್ತಿತು. ಗೋಡೆಯ ಮೇಲೆ ಈ ಪ್ರಕಟಣೆ ಬಂತು:

“ಮಾನ್ಯ ಗ್ರಾಹಕರ ಗಮನಕ್ಕೆ. ಸೌಜನ್ಯವು ಇನ್ನು ಮುಂದೆ ನಾಲ್ಕನೇ ಕೌಂಟರಿನಲ್ಲಿ ಮಾತ್ರ ಲಭ್ಯ. ಬೇರೆಡೆ ಸೌಜನ್ಯ ಕೇಳಿ ಸಿಬ್ಬಂದಿಯನ್ನು ಮುಜುಗರಕ್ಕೀಡು ಮಾಡಬಾರದು. ಒಂದು ಬಿಲ್ಲಿಗೆ ಒಂದೇ ‘ಹೋಗ್ಬನ್ನಿ’. ಒಮ್ಮೆ ಪಡೆದ ‘ಹೋಗ್ಬನ್ನಿ’ಯನ್ನು ಬದಲಾಯಿಸಿ ಕೊಡಲಾಗುವುದಿಲ್ಲ. ದಾಸ್ತಾನು ಇರುವವರೆಗೆ ಮಾತ್ರ.”

ಪುಟ್ಟಸ್ವಾಮಯ್ಯನವರನ್ನು ಗೌರವ ಸೌಜನ್ಯಾಧಿಕಾರಿಯೆಂದು ನೇಮಿಸಿ, ಒಂದು ಮೇಜು, ಒಂದು ಕುರ್ಚಿ, ಒಂದು ರಬ್ಬರ್ ಮೊಹರು ಕೊಟ್ಟರು. ‘ಹೋಗ್ಬನ್ನಿ’ ಎಂದು ಮೊಹರು ಬೀಳದ ಬಿಲ್ಲನ್ನು ಕಾವಲುಗಾರರು ಹೊರಗೆ ಬಿಡಬಾರದೆಂದಾಯಿತು. ತಪ್ಪು ನಡೆದದ್ದು ಇಲ್ಲೇ ಎಂದು ಕೆಲವರು ಹೇಳುತ್ತಾರೆ. ಬರಿಗೈಯ ಮನುಷ್ಯನಿಗೆ ಕುರ್ಚಿ ಕೊಡಬಹುದು. ಕುರ್ಚಿಯ ಜೊತೆಗೆ ಮೊಹರನ್ನೂ ಕೊಡಬಾರದು.

ಮೊದಲ ವಾರ ಅವರು ಎದ್ದು ನಿಂತು ಕೈಮುಗಿದು ಮೊಹರು ಒತ್ತಿದರು. ಎರಡನೇ ವಾರ ಕೂತುಕೊಂಡು ಒತ್ತಿದರು. ಮೂರನೇ ವಾರ ಒಂದು ಅರ್ಜಿ, ಬಿಲ್ಲಿನ ಎರಡು ಜೆರಾಕ್ಸ್ ಪ್ರತಿ ಕೇಳಿದರು. ಜೆರಾಕ್ಸ್ ಅಂಗಡಿ ಹೊರಗಿತ್ತು. ಹೊರಗೆ ಹೋಗಲು ಮೊಹರು ಬೇಕಿತ್ತು. ಮೊಹರಿಗೆ ಜೆರಾಕ್ಸ್ ಬೇಕಿತ್ತು. ಹೀಗಾಗಿ ಜನ ಬೇಳೆ ವಿಭಾಗದಲ್ಲಿ ಜಮಖಾನೆ ಹಾಸಿಕೊಂಡರು. ಗ್ರಾಹಕರನ್ನು ಉಳಿಸಿಕೊಳ್ಳುವುದರಲ್ಲಿ ಚಿಂತಾಮಣಿ ಶಾಖೆ ಪ್ರಥಮವೆಂದು ಮೋಹನ್‌ಬಾಬು ಅವರಿಗೆ ಬಹುಮಾನ ಬಂತು.

ನಲ್ಲಪ್ಪನವರು ಇನ್ನೊಂದು ಪೊರಕೆ ಕೊಳ್ಳಲು ಬಂದವರು ನಾಲ್ಕನೇ ಕೌಂಟರಿನ ಮುಂದೆ ಕೂತರು. ಪುಟ್ಟಸ್ವಾಮಯ್ಯನವರು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ, “ಇದರಲ್ಲಿ ಪೊರಕೆ ಅಂತಿದೆ. ಕೈಯಲ್ಲಿರೋದು ಕಸಬರಿಕೆ ಥರ ಕಾಣತ್ತೆ. ನಾಳೆ ಬನ್ನಿ” ಎಂದರು.

“ಈಗ ಸರಿಹೋಯ್ತು ನೋಡಿ,” ಎಂದರು ನಲ್ಲಪ್ಪನವರು ಪಕ್ಕದವರಿಗೆ, ಕಾಲು ಚಾಚಿಕೊಂಡು. “ಅವತ್ತು ಪಾಪ ಎಂಗೋ ಆಗ್ಬಿಟ್ಟಿದ್ರು.”

ನಲವತ್ತೈದನೆಯ ಕೆಲಸದ ದಿನ ಮಧ್ಯಾಹ್ನ ಕೇಂದ್ರ ಕಛೇರಿಯ ಮಂಜೂರಾತಿ ಬಂತು. ಬಿಲ್ಲು ಹಾಕುವ ಸಿಬ್ಬಂದಿ ಶ್ರೀ ಪುಟ್ಟಸ್ವಾಮಯ್ಯನವರಿಗೆ, ಒಂದು ಸಲಕ್ಕೆ ಮಾತ್ರ, ಸದರಿ ಮಾತನ್ನು ಆಡಬಹುದು. ತನುಜ ಅರ್ಧ ಹಾಕಿದ ಬಿಲ್ಲನ್ನು ಬಿಟ್ಟು ಓಡಿದಳು. ಅಷ್ಟು ದಿನ ಬಾಯಲ್ಲಿ ಹಿಡಿದಿಟ್ಟುಕೊಂಡ ಮಾತು. ಆಕೆ ನಾಲ್ಕನೇ ಕೌಂಟರಿನ ಮುಂದೆ ನಿಂತು, ಎರಡೂ ಕೈ ಮುಗಿದು, ಅಂಗಡಿಯೆಲ್ಲ ಕೇಳುವಂತೆ, “ಹೋಗ್ಬನ್ನಿ ಸಾರ್!” ಎಂದಳು.

ಬೇಳೆ ವಿಭಾಗದವರೆಲ್ಲ ಎದ್ದು ನಿಂತರು. ಕ್ಯಾರಿಯರ್ ಹಿಡಿದು ಆಗಷ್ಟೇ ಬಂದಿದ್ದ ಸುಂದರಮ್ಮನವರೂ ನಿಂತರು.

ಪುಟ್ಟಸ್ವಾಮಯ್ಯನವರು ತಲೆಯೆತ್ತಲಿಲ್ಲ. ಗಡಿಯಾರ ನೋಡಿದರು.

“ಊಟದ ವೇಳೆ. ಬರವಣಿಗೆಯಲ್ಲಿ ಕೊಟ್ಟು ಹೋಗಮ್ಮ. ನಾಳೆ ಬಾ.”

ತನುಜ ಮುಗಿದ ಕೈಗಳನ್ನು ಇಳಿಸಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ, “ನೆಕ್ಸ್ಟ್” ಎಂದಳು. ಜನ ಜಮಖಾನೆಯ ಮೇಲೆ ಮತ್ತೆ ಕೂತರು.

ಸುಂದರಮ್ಮನವರು ಸಾಲಿನಲ್ಲಿ ನಿಲ್ಲಲಿಲ್ಲ. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದ ಅವರಿಗೆ ಸಾಲಿನ ಸ್ಥಿತಿ ಗೊತ್ತಿತ್ತು. ಮೇಜಿನ ಮೇಲೆ ಒಂದಷ್ಟು ಜಾಗ ಮಾಡಿ ಕ್ಯಾರಿಯರ್ ಬಿಚ್ಚಿದರು. ಇಂಗಿನ ಡಬ್ಬಿ ಅಲ್ಲೇ ಇತ್ತು. ಫ್ಯಾನಿನ ಗಾಳಿಗೆ ಅರ್ಜಿಗಳು ಹಾರದಂತೆ ಅದನ್ನು ಅವುಗಳ ಮೇಲೆ ಇಡಲಾಗಿತ್ತು. ಸುಂದರಮ್ಮನವರು ಅದನ್ನು ನೋಡಿದರು, ಕೇಳಲಿಲ್ಲ. ಅನ್ನ ಹಾಕಿ ಸಾರು ಬಡಿಸಿದರು.

ಪುಟ್ಟಸ್ವಾಮಯ್ಯನವರು ಕಲಸಿದರು. ಕೈ ನಿಂತಿತು. ಮೂಗಿನ ಹತ್ತಿರ ಬೆರಳು ತಂದರು.

“ಏನಿದು ವಾಸನೆ?”

“ಬೆಳ್ಳುಳ್ಳಿ,” ಎಂದರು ಸುಂದರಮ್ಮನವರು. “ಎಷ್ಟು ದಿನ ಅಂತ ಸಪ್ಪೆ ತಿನ್ನೋದು? ಪಕ್ಕದ ಮನೆಯೋರು ಹೇಳ್ಕೊಟ್ರು.”

ಆ ಮನೆತನದ ಏಳು ತಲೆಮಾರಿನಲ್ಲಿ ಯಾರೂ ಬೆಳ್ಳುಳ್ಳಿ ಮುಟ್ಟಿರಲಿಲ್ಲ. ನಲ್ಲಪ್ಪನವರು ಚಾಚಿದ ಕಾಲು ಮಡಿಸಿಕೊಂಡರು. ಪುಟ್ಟಸ್ವಾಮಯ್ಯನವರು ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ನುಂಗಿದರು. ಆಮೇಲೆ ಇಂಗಿನ ಡಬ್ಬಿಯನ್ನು ಅರ್ಜಿಗಳ ಮೇಲೆ ಸರಿಯಾಗಿ ನಡುವಿಗೆ ಸರಿಸಿದರು, ತಟ್ಟೆಯನ್ನು ಮುಂದಕ್ಕೆ ತಳ್ಳಿ, ಇನ್ನೊಂದು ಸೌಟು ಹಾಕು ಎಂದರು.