ಪರದೆಯ ಒಳಮಗ್ಗಲು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದಾಗ ಮಾತ್ರ ಬಾಯಿ ಬಿಡುವವರು ಒಂದು ಥರ, ಯಾರೂ ಕೇಳದಿದ್ದರೂ ಹೇಳುವವರು ಇನ್ನೊಂದು ಥರ. ನಾನು ಎರಡನೆಯ ಥರದವಳು. ನೆರೆಮನೆಗೆ ಬಂದ ಹೊಸ ಎಮ್ಮೆಯಿಂದ ಹಿಡಿದು ಮಠದಲ್ಲಿ ಪುರಾಣ ಹೇಳುವವರ ಕೆಮ್ಮಿನವರೆಗೆ ಎಲ್ಲದರ ಬಗ್ಗೆಯೂ ನನಗೊಂದು ಅಭಿಪ್ರಾಯ ಇರುತ್ತದೆ, ಮತ್ತು ಅದನ್ನು ಹೇಳದೆ ಇದ್ದರೆ ಉಂಡದ್ದು ಅರಗುವುದಿಲ್ಲ. ಹಾಗಿರುವಾಗ ನಮ್ಮ ಉದಗೀರಕ್ಕೆ ಸಿನಿಮಾದ ಡೇರೆ ಬಂದರೆ ನನ್ನ ಗತಿ ಏನಾಗಬೇಕು, ನೀವೇ ಹೇಳಿ.

ಸುಗ್ಗಿ ಮುಗಿದು ಜೋಳ ನೆಲದೊಳಗಿನ ಹಗೇವಿಗೆ ಇಳಿದಿತ್ತು. ಅತ್ತೆಯ ಮೊಣಕಾಲು ಆ ವರ್ಷ ಚಳಿಗಾಲದಲ್ಲೂ ನೋಯಲಿಲ್ಲ. ಕಟ್ಟಿಗೆಯ ರಾಶಿಯಲ್ಲಿ ಚೇಳು ಸಿಕ್ಕಿರಲಿಲ್ಲ. ಇಂಥ ಸಣ್ಣ ಸಣ್ಣ ಕೃಪೆಗಳನ್ನು ದಿನಾ ಲಿಂಗಪೂಜೆಯ ಹೊತ್ತಿಗೆ ಶಿವನಿಗೆ ನೆನಪು ಮಾಡಿ ಕೊಡುವುದು ನನ್ನ ಅಭ್ಯಾಸ. ಆ ಸಾಲಿಗೆ ಇಮಾಮಸಾಬನ ಸಿನಿಮಾ ಡೇರೆಯೂ ಸೇರಿತು. ದನದ ಬಜಾರಿನ ಮೈದಾನದಲ್ಲಿ, ಬೇರೆ ದಿನ ದೇವಣಿ ತಳಿಯ ಎತ್ತುಗಳನ್ನು ಕಟ್ಟುವ ಜಾಗದಲ್ಲಿ, ಅವನು ಗೂಟ ಹೊಡೆದ. ತಹಸೀಲ ಕಚೇರಿಯಿಂದ ಮೂರು ತಿಂಗಳಿಗೆ ಪರವಾನಗಿ ತಂದಿದ್ದ. ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಜಾಗ, ಒಬ್ಬ ಗಂಡಸಿನ ಕಣ್ಣೂ ಬೀಳುವುದಿಲ್ಲ ಎಂದು ಅವನು ಮನೆಮನೆಗೆ ಹೇಳಿ ಕಳಿಸಿದ್ದರಿಂದ ನಮ್ಮಂಥವರಿಗೂ ಹೋಗುವ ಯೋಗ ಬಂತು.

ಆ ಬೇರೆ ಜಾಗ ಎಲ್ಲಿ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಡೇರೆಯ ನಡುವೆ ಎರಡು ಗಳಕ್ಕೆ ಬಿಳಿ ಬಟ್ಟೆಯ ಪರದೆ ಕಟ್ಟಿತ್ತು. ಅದರ ಮುಂದೆ ಗಂಡಸರು, ಹಿಂದೆ ನಾವು. ಆಟಕ್ಕೆ ಮೊದಲು ಒಬ್ಬಾತ ಪರದೆಗೆ ನೀರು ಹೊಡೆದು ತೋಯಿಸುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಚಿತ್ರ ಹಾಯ್ದು ನಮ್ಮ ಕಡೆಗೂ ಚೆನ್ನಾಗಿ ಕಾಣುತ್ತಿತ್ತು. ಚಿತ್ರದವರು ಮಾತಾಡುವುದಿಲ್ಲ. ನಡುನಡುವೆ ಬರಹ ಬರುತ್ತದೆ. ಮುಂದಿನ ಕಡೆ ಒಬ್ಬ ನಿಂತು ಕಥೆಯನ್ನು ಮರಾಠಿ, ಉರ್ದು ಎರಡೂ ಬೆರೆಸಿ ಕೂಗಿ ಹೇಳುತ್ತಾನೆ. ನಮ್ಮ ಕಡೆಗೆ ಅವನ ದನಿ ಬರುತ್ತಿರಲಿಲ್ಲ, ಏಕೆಂದರೆ ಬೆಳಕಿನ ಇಂಜಿನ್ ನಮ್ಮ ಬೆನ್ನ ಹಿಂದೆಯೇ ಧಡಧಡ ಎನ್ನುತ್ತಿತ್ತು.

ಇಲ್ಲಿ ನನ್ನ ಪಾಪದ ಕಥೆ ಶುರುವಾಗುತ್ತದೆ. ನನ್ನ ತವರು ನಿಲಂಗಾ. ನಮ್ಮಪ್ಪ ನನಗೆ ಮಠದಲ್ಲಿ ಕನ್ನಡ ಕಲಿಸಿದ್ದಲ್ಲದೆ ಮನೆಯಲ್ಲಿ ಮರಾಠಿ ಅಕ್ಷರವನ್ನೂ ತಿದ್ದಿಸಿದ್ದ. ಓಣಿಯ ಹೆಂಗಸರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ಮತ್ತು ಈ ವಿಷಯ ಗೊತ್ತಿಲ್ಲದ ಒಬ್ಬಳೂ ಓಣಿಯಲ್ಲಿ ಉಳಿಯದಂತೆ ನಾನು ನೋಡಿಕೊಂಡಿದ್ದೆ. ಮೊದಲ ದಿನ ಬರಹ ಬಂದ ಕೂಡಲೇ ಪಕ್ಕದ ಮನೆಯ ಗಂಗಕ್ಕ ನನ್ನ ಮೊಣಕೈ ತಿವಿದಳು.

“ಪಾರಕ್ಕ, ಏನ್ ಬರ್ದಾರ ಅದು? ಓದಿ ಹೇಳ್.”

ನೋಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ಅಕ್ಷರಗಳು ಎಲ್ಲಿಯೋ ಕಂಡ ಹಾಗೆ ಇದ್ದವು, ಆದರೆ ಒಂದೂ ಗುರುತು ಹತ್ತಲಿಲ್ಲ. ಲಗ್ನವಾಗಿ ಇಷ್ಟು ವರ್ಷ ಒಲೆಯ ಮುಂದೆ ಕೂತು ಕಲಿತದ್ದೆಲ್ಲ ಹೊಗೆಯಾಗಿ ಹೋಯಿತೇ ಎಂದು ಹೆದರಿದೆ. ಹಿಂದೆ ಇಪ್ಪತ್ತು ಮಂದಿ ಹೆಂಗಸರು ನನ್ನ ಬಾಯಿ ನೋಡುತ್ತಿದ್ದಾರೆ. ಬರುವುದಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. “ಇಂವಾ ರಾಜನ ಮಗ ಅಂತ, ಕಾಡಿಗೆ ಹೊಂಟಾನ” ಎಂದೆ. ಅವನು ಕುದುರೆ ಹತ್ತಿ ಹೊರಟಿದ್ದಂತೂ ನಿಜ. ಎಲ್ಲರೂ ತೃಪ್ತರಾದರು. ಅಂದಿನಿಂದ ಪರದೆಯ ಹಿಂದಿನ ಕಥೆಯೆಲ್ಲ ನನ್ನದೇ.

ಆ ರಾಜನ ಮಗನ ಚಿತ್ರ ಹೊಡೆದಾಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಕುದುರೆ ಮನುಷ್ಯನಿಗಿಂತ ಚೆನ್ನಾಗಿ ಪಾತ್ರ ಮಾಡಿತ್ತು. ಆ ಹುಡುಗ ಕೋಟೆಯ ಗೋಡೆಯಿಂದ ಮೂರು ಸಲ ಹಾರಿದ, ಒಮ್ಮೆಯೂ ರುಮಾಲು ಬೀಳಲಿಲ್ಲ. ನಮ್ಮ ಮನೆಯವರು ಬಾಗಿಲು ದಾಟುವಾಗಲೇ ಮೂರು ಸಲ ಬೀಳಿಸುತ್ತಾರೆ. ಒಂದೇ ಕೊರತೆ ಎಂದರೆ ಅವನು ಕತ್ತಿ ಹಿಡಿದದ್ದು ಎಡಗೈಯಲ್ಲಿ. ಎದುರಾಳಿಯೂ ಎಡಗೈಯವನೇ. ಇಬ್ಬರು ಎಡಚರನ್ನು ಹುಡುಕಿ ತಂದಿದ್ದಾರಲ್ಲ ಎಂದು ಮೆಚ್ಚಿಕೊಂಡೆ. ಎರಡನೆಯ ವಾರ ಬಿಳಿಯರ ದೇಶದ ನಗೆಚಿತ್ರ ಬಂತು. ಒಬ್ಬ ದಪ್ಪ ಮನುಷ್ಯ ಏಣಿ ಹೊತ್ತು ತಿರುಗುತ್ತಾನೆ, ಎಲ್ಲರ ತಲೆಗೂ ಬಡಿಯುತ್ತಾನೆ, ಅಷ್ಟೇ ಕಥೆ. ಅದನ್ನು ಓದಿ ಹೇಳುವ ಕೆಲಸವಿಲ್ಲದ್ದರಿಂದ ಹೊಟ್ಟೆ ಹಿಡಿದು ನಕ್ಕೆ. ಅವರೂ ಎಡಗೈಯಲ್ಲೇ ಉಣ್ಣುತ್ತಿದ್ದರು. ಬಿಳಿಯರಲ್ಲವೇ, ಬಿಡಿ ಎಂದುಕೊಂಡೆ.

ಮೂರನೆಯದು ಸಂಸಾರದ ಚಿತ್ರ. ಇದು ನನಗೆ ತುಂಬ ಹಿಡಿಸಿತು, ಮೂರು ಸಲ ಅತ್ತುಬಿಟ್ಟೆ. ಸೊಸೆ ಕಾಯಿಲೆ ಬಿದ್ದಿದ್ದಾಳೆ. ಮುದುಕಿಯೊಬ್ಬಳು ಹಾಲಿನ ಬಟ್ಟಲಿಗೆ ಏನೋ ಪುಡಿ ಹಾಕಿ ಕಲಕುತ್ತಾಳೆ. ಬರಹ ಬಂತು. ನಾನು ನಡುಗುವ ದನಿಯಲ್ಲಿ “ಅತ್ತಿ ವಿಷಾ ಹಾಕ್ಯಾಳ” ಎಂದೆ. ಪರದೆಯ ಹಿಂದೆ ಶಾಪದ ಸುರಿಮಳೆಯಾಯಿತು. ಗಂಗಕ್ಕ ಆ ಮುದುಕಿಯ ಕೈಗೆ ಹುಳ ಬೀಳಲಿ ಎಂದಳು. ಆಮೇಲೆ ಸೊಸೆ ಎದ್ದು ಕೂತು ಅದೇ ಮುದುಕಿಯ ಕಾಲಿಗೆ ಬಿದ್ದಳು. ಎಂಥ ದೊಡ್ಡ ಮನಸ್ಸು ಆಕೆಯದು ಎಂದು ನಾವೆಲ್ಲ ಕಣ್ಣೊರೆಸಿಕೊಂಡೆವು. ಆ ಸೊಸೆಗೆ ನತ್ತು ಬಲಮೂಗಿನಲ್ಲಿತ್ತು. ನಮ್ಮ ಕಡೆ ಎಡಮೂಗಿಗೆ ಹಾಕುವುದು. ಅದು ಮುಂಬಯಿ ಕಡೆಯ ಹೊಸ ರೂಢಿ ಎಂದು ನಾನು ಹೇಳಿದೆ. ವಾರದೊಳಗೆ ಗಂಗಕ್ಕ ತನ್ನ ಸೊಸೆಯನ್ನು ಅಕ್ಕಸಾಲಿಗನ ಹತ್ತಿರ ಕರೆದುಕೊಂಡು ಹೋಗಿ ಬಲಮೂಗು ಚುಚ್ಚಿಸಿಕೊಂಡು ಬಂದಳು.

ನಾಲ್ಕನೆಯದು ಭಕ್ತಿಯ ಚಿತ್ರ. ಒಬ್ಬ ಶರಣನ ಕಥೆ ಎಂದು ಡಂಗುರ ಹೊಡೆದಾಗ ನಾನು ಮಡಿಯುಟ್ಟು, ವಿಭೂತಿ ಹಚ್ಚಿ, ಪೂಜೆಗೆ ಹೋದ ಹಾಗೆ ಹೋದೆ. ಶರಣ ಬಂದ, ಕೂತ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದ. ತೆಗೆದು ಬಲ ಅಂಗೈಯಲ್ಲಿ ಇಟ್ಟುಕೊಂಡ. ಎಡಗೈಯಿಂದ ಪತ್ರಿ ಏರಿಸಿದ.

ಕತ್ತಿ ಹೋಗಲಿ, ನತ್ತು ಹೋಗಲಿ. ಲಿಂಗ ಇರಬೇಕಾದದ್ದು ಎಡ ಅಂಗೈಯಲ್ಲಿ, ಪೂಜೆ ಮಾಡಬೇಕಾದದ್ದು ಬಲಗೈಯಿಂದ. ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತಿರುವ ಮಾತು. ಎಡಗೈಯ ಪೂಜೆ ಕಂಡು ನಮ್ಮ ಮೈಯೆಲ್ಲ ಉರಿಯಿತು. ಅರ್ಧಕ್ಕೇ ಎದ್ದು ಇಪ್ಪತ್ತು ಮಂದಿಯೂ ಹೊರಗೆ ಬಂದೆವು.

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಕಣ್ಣು ತುಂಬಿಕೊಂಡು, “ಏನ್ ಭಕ್ತಿ ಅಂತೀನಿ, ಖರೆ ಶರಣನ್ನ ನೋಡ್ದಂಗ ಆತು” ಎಂದರು.

“ಎಡಗೈಲಿ ಪತ್ರಿ ಏರ್ಸೋದು ಯಾವ ಭಕ್ತಿರೀ?”

“ಯಾರ್ ಏರ್ಸ್ಯಾರ ಎಡಗೈಲಿ? ನಾ ಎರಡ ಕಣ್ಲೆ ನೋಡೀನಿ, ಬಲಗೈಲೆ ಏರ್ಸ್ಯಾನ.”

“ನನಗೂ ಎರಡ ಕಣ್ಣ ಅವ. ವಿಭೂತಿ ಮುಟ್ಟಿ ಹೇಳ್ತೀನಿ, ಎಡಗೈ.”

“ನಾನೂ ವಿಭೂತಿ ಮುಟ್ಟತೀನಿ, ಬಲಗೈ.”

ಒಂದೇ ವಿಭೂತಿ ಗಟ್ಟಿಯನ್ನು ಇಬ್ಬರೂ ಮುಟ್ಟಿದೆವು. ಮರುದಿನ ನೀರು ತರಲು ಹೋದಾಗ ತಿಳಿಯಿತು, ಓಣಿಯ ಪ್ರತಿ ಮನೆಯಲ್ಲೂ ಇದೇ ಜಗಳ. ಗಂಡಂದಿರೆಲ್ಲ ಒಂದು ಮಾತು, ಹೆಂಡಿರೆಲ್ಲ ಒಂದು ಮಾತು. ಡೇರೆಯವನ ಮುಲಾಜಿಗೆ ಗಂಡಸರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನೇ ತೀರ್ಪು ಕೊಟ್ಟು, ಹೆಂಗಸರನ್ನು ಕಟ್ಟಿಕೊಂಡು ಮಠಕ್ಕೆ ಹೋಗಿ ಅಲ್ಲಿಯ ಸ್ವಾಮಿಗಳಾದ ಅಪ್ಪಾವರ ಪಾದಕ್ಕೆ ದೂರು ಒಪ್ಪಿಸಿದೆ.

ಅಪ್ಪಾವರು ಇಮಾಮಸಾಬನನ್ನು ಕರೆಸಿದರು. ಪಾಪ, ಅವನು ಕೈಕಟ್ಟಿ ನಿಂತ. “ಅಪ್ಪಾವ್ರ, ಚಿತ್ರ ಮಾಡಾವ್ರು ಪುಣೆ ಕಡಿಯವ್ರು. ನಾ ಬರೀ ತೋರ್ಸಾಂವ. ನಿಮ್ಮ ದೇವ್ರಿಗಿ ಅಪಮಾನ ಮಾಡಿ ನಾ ಎಲ್ಲಿ ಬದಕ್ಲಿ? ಡೇರೆ ಕಿತ್ತರ ಮುರುಮ ಊರಿಗಿ ಹೋದ್ರೂ ಸುದ್ದಿ ನನ್ಕಿಂತ ಮೊದ್ಲ ಹೋಗ್ತದ. ಉಮರ್ಗಾದಾಗೂ ಯಾರೂ ಜಾಗಾ ಕೊಡಾಂಗಿಲ್ಲ” ಎಂದ. ಅವನ ದನಿ ಸಣ್ಣದಾಗಿತ್ತು. ನನಗೆ ಮರುಕ ಬಂತು, ಆದರೆ ಧರ್ಮದ ಮಾತು ಎಂದು ಗಟ್ಟಿಯಾದೆ.

ಅಪ್ಪಾವರು, “ಈ ಪಾರಕ್ಕನ ಅತ್ತಿ ನೀಲಮ್ಮ ಇಲ್ಲಿತನಾ ಆ ಡೇರೇಕ ಕಾಲಿಟ್ಟಿಲ್ಲ, ಸುಳ್ಳೂ ಆಡಿಲ್ಲ. ಆಕಿ ನೋಡಿ ಬಂದು ಹೇಳ್ಲಿ. ಎಡಗೈ ಪೂಜಿ ಖರೆ ಆದ್ರ ನಾಳಿಗಿ ಡೇರೆ ಊರಾಗ ಇರಬಾರ್ದು” ಎಂದರು.

ಅತ್ತೆಗೆ ಸಿನಿಮಾ ಎಂದರೆ ದೆವ್ವದ ಕೆಲಸ. ಆದರೂ ಅಪ್ಪಾವರ ಅಪ್ಪಣೆ. ಆ ಸಂಜೆ ಕೋಲು ಊರುತ್ತ ಬಂದು ನನ್ನ ಪಕ್ಕ ಕೂತರು. ಇಮಾಮಸಾಬ ಪರದೆಯ ಅಂಚಿನಲ್ಲಿ ಗಳಕ್ಕೆ ಒರಗಿ, ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದ. ಶರಣ ಬಂದ, ಕೂತ, ಬಲ ಅಂಗೈಯಲ್ಲಿ ಲಿಂಗ ಇಟ್ಟುಕೊಂಡ. “ನೋಡ್ದಿರಿ ಅತ್ತಿ?” ಎಂದೆ. ಅತ್ತೆ ಕೋಲು ಹಿಡಿದು ಎದ್ದರು. ಆ ಶರಣನಿಗೆ ಎದುರು ನಿಂತು ಬುದ್ಧಿ ಹೇಳಬೇಕೆಂದು, ನೀರು ಹೊಡೆಯುವವನು ಓಡಾಡುವ ಸಂದಿಯಲ್ಲಿ ನುಗ್ಗಿ ನೇರ ಗಂಡಸರ ಕಡೆಗೆ ಹೋಗಿಬಿಟ್ಟರು.

ಆ ಕಡೆ ಗದ್ದಲವೆದ್ದಿತು. ಅತ್ತೆ ವಾಪಸು ಬಂದು ನಮ್ಮ ಕಡೆ ನಿಂತು ಪರದೆ ನೋಡಿದರು. ಮತ್ತೆ ಆ ಕಡೆ ಹೋದರು. ಮತ್ತೆ ಬಂದರು. ಅವರ ನೆರಳು ಒಮ್ಮೆ ಶರಣನ ಎದೆಯ ಮೇಲೆ ಹಾಯಿತು. “ಯವ್ವಾ, ಕುಂದ್ರಬೇ” ಎಂದು ನಮ್ಮ ಮನೆಯವರು ಕೂಗಿದ್ದು ಇಂಜಿನ್ ಸದ್ದನ್ನೂ ಮೀರಿ ಕೇಳಿತು. ನಾಲ್ಕನೆಯ ಸಲ ಬಂದವರು ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಖಣದ ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ ಆ ಮೈ ಈ ಮೈ ತಿರುವಿ ನೋಡಿದರು. ಆಮೇಲೆ ನನ್ನ ಮುಂದೆ ಬಂದು ನಿಂತರು.

“ಅಂವಾ ಬರೋಬರಿ ಪೂಜಿ ಮಾಡ್ಯಾನ. ನಿಮ್ಮನ್ನ ಪರದೆ ಅರಿವಿ ಒಳಮಗ್ಗಲ ಕುಂದ್ರಿಸ್ಯಾರ. ಆ ಕಡಿ ಹೋದ್ರ ಎಡಗೈಲಿ ಲಿಂಗಪ್ಪ, ಈ ಕಡಿ ಬಂದ್ರ ಬಲಗೈಲಿ. ಕುಬಸ ಹೊಲಿಯಾಕಿ ನೀ, ಸೀದಾ ಮೈ ಉಲ್ಟಾ ಮೈ ತಿಳಿಲಿಲ್ಲೇನು?”

ಇಮಾಮಸಾಬ ಗಳದ ಬುಡದಲ್ಲೇ ಕುಸಿದು ಕೂತ. ಅಳುತ್ತಿದ್ದನೋ ನಗುತ್ತಿದ್ದನೋ ಕತ್ತಲಲ್ಲಿ ಕಾಣಲಿಲ್ಲ. ಗಂಗಕ್ಕ ಮಾತ್ರ ಮೆಲ್ಲಗೆ, “ಹಂಗಾದ್ರ ನಮ್ಮ ಸೊಸಿ ಮೂಗು?” ಎಂದಳು.

ಮರುದಿನ ಮಠದಲ್ಲಿ ಅತ್ತೆ ಹೇಳಿದ್ದನ್ನು ಕೇಳಿ ಅಪ್ಪಾವರು ಬಹಳ ಹೊತ್ತು ನಕ್ಕರು. ಅಲ್ಲಿಗೇ ಮುಗಿದಿದ್ದರೆ ನನ್ನ ಪುಣ್ಯ. ನಮ್ಮ ಮನೆಯವರು ಎಲ್ಲರ ಮುಂದೆ, “ಅಲ್ಲಾ, ನೀ ಅಕ್ಷರ ಓದಾಕಿ. ಅಕ್ಷರಾನೂ ಉಲ್ಟಾ ಕಾಣ್ತಿರಬೇಕಲ್ಲ. ಹೆಂಗ್ ಓದ್ದಿ?” ಎಂದು ಕೇಳಿಬಿಟ್ಟರು. ಸುಳ್ಳು ಹೇಳಲು ಮಠದ ಹೊಸ್ತಿಲು ಬಿಡಲಿಲ್ಲ. ಒಪ್ಪಿಕೊಂಡೆ. ಮೊದಲ ದಿನವೇ ಬರುವುದಿಲ್ಲ ಎಂದಿದ್ದರೆ ಯಾರಾದರೂ ಕಾರಣ ಹುಡುಕುತ್ತಿದ್ದರು, ಇಮಾಮಸಾಬನ ಅನ್ನಕ್ಕೆ ಸಂಚಕಾರ ಬರುತ್ತಿರಲಿಲ್ಲ.

“ಮತ್ತ ಆ ಹಾಲಿನ ಬಟ್ಟಲಾ?” ಎಂದು ಗಂಗಕ್ಕ ಕೇಳಿದಳು.

“ಅದು ಔಷಧ. ಮುದುಕಿ ಆಕಿನ್ನ ಉಳ್ಸಿದ್ಲು” ಎಂದರು ನಮ್ಮ ಮನೆಯವರು.

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. “ಸೊಸಿ ಕಣ್ಣಿಗಿ ಅತ್ತಿ ಕಲಸಿದ್ದೆಲ್ಲಾ ವಿಷಾನ ಕಾಣ್ತದ, ಬಿಡು” ಎಂದರು.

ಅಪ್ಪಾವರು ನನಗೆ ಒಂದು ಸೋಮವಾರ ನಿಟ್ಟುಪವಾಸ ಹೇಳಿದರು, ಇಮಾಮಸಾಬನ ಮುಂದೆ ತಪ್ಪೊಪ್ಪಿಕೊಂಡು ಬಾ ಎಂದರು. ಉಪವಾಸ ಸುಲಭವಾಗಿತ್ತು. ಎರಡನೆಯದಕ್ಕೆ ನಾಲ್ಕು ಹೋಳಿಗೆ ಕಟ್ಟಿಕೊಂಡು, ಅತ್ತೆಯನ್ನು ಮುಂದೆ ಮಾಡಿಕೊಂಡು ಹೋದೆ. ಅವನು ಪರದೆ ಒಣಗಿಸುತ್ತಿದ್ದ. ನನ್ನ ಮಾತು ಪೂರ್ತಿ ಕೇಳಿ, ಹೋಳಿಗೆ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ.

“ಅವ್ವಾ, ಆಗಿದ್ದು ಆತು. ಬೇಕಂದ್ರ ಗಂಡಸ್ರ ಕಡಿನ ಬಿದಿರಿನ ಚಿಕ್ ಕಟ್ಟಿ ಹೆಣ್ಮಕ್ಕಳನ್ನ ಕುಂದ್ರಸ್ತೀನಿ, ಸೀದಾ ಕಾಣ್ತದ. ನಿನ್ನೆನ ಗಂಗಕ್ಕನವ್ರಿಗಿ ಕೇಳ್ದೆ. ಬ್ಯಾಡಂದ್ರು.”

“ಯಾಕ?”

“ಗಂಡಸ್ರ ಕಡಿ ಬಾಯಿ ಮುಚ್ಕೊಂಡು ಕುಂದ್ರಬೇಕು, ಕಾಲು ಚಾಚಾಂಗಿಲ್ಲ ಅಂದ್ರು. ಮತ್ತ ನಮ್ಮ ಕಥಿ ಹೇಳಾಂವಗಿಂತ ಪಾರಕ್ಕನ ಕಥಿನ ಛಲೋ ಇರ್ತದ ಅಂದ್ರು.”

ಹೀಗಾಗಿ ಈಗ ಒಂದು ಏರ್ಪಾಟು ನಡೆದಿದೆ. ಹೊಸ ಚಿತ್ರ ಬಂದ ಮೊದಲ ದಿನ ಅತ್ತೆಯೂ ನಾನೂ ಮುಂದಿನ ಕಡೆ ಚಿಕ್ಕಿನ ಹಿಂದೆ ಕೂತು ನೋಡುತ್ತೇವೆ. ಅಕ್ಷರ ಒಂದೂ ಬಿಡದೆ ಓದಿಕೊಳ್ಳುತ್ತೇನೆ. ನಮ್ಮಪ್ಪ ಕಲಿಸಿದ್ದು ಒಂದೂ ಮರೆತಿಲ್ಲ, ಅದೊಂದು ಶಿವನ ಕೃಪೆ. ಎರಡನೆಯ ದಿನ ಹಿಂದಿನ ಕಡೆ ಕೂತು ಹೆಂಗಸರಿಗೆ ಕಥೆ ಹೇಳುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ನಿರ್ಧರಿಸಿಯೇ ಕೂರುತ್ತೇನೆ. ಆದರೆ ಹೋದ ವಾರದ ಚಿತ್ರದಲ್ಲಿ ನಾಯಕಿಯ ಅಣ್ಣ ಸುಮ್ಮನೆ ಪರವೂರಿಗೆ ಹೋಗಿ ಸುಮ್ಮನೆ ವಾಪಸು ಬಂದ. ಗಂಗಕ್ಕ ಆಕಳಿಸುತ್ತಿದ್ದಳು. ದಾರಿಯಲ್ಲಿ ಅವನಿಗೆ ಒಂದು ಹಾವು ಕಚ್ಚಿಸಿದೆ, ಅಷ್ಟೇ. ಅದಕ್ಕಾಗಿ ಅಪ್ಪಾವರನ್ನು ಕೇಳದೆ ನಾನೇ ಈ ಸೋಮವಾರ ಉಪವಾಸ ಹಿಡಿದಿದ್ದೇನೆ. ನಾಳಿದ್ದು ಹೊಸ ಚಿತ್ರ ಬರುತ್ತದಂತೆ. ಬರುವ ಸೋಮವಾರವನ್ನೂ ಈಗಲೇ ತೆಗೆದಿರಿಸಿದ್ದೇನೆ.